ಅಜ್ಜಿಯ ಮಗ್ಗುಲು

ಮಧ್ಯಾಹ್ನದ ಊಟ ಮುಗಿಸಿ ಮಹಾನಂದವ್ವ ಹಾಸಿಗೆಯ ಮೇಲೆ ಒರಗಿದಳು. ಅವಳ ಭಾರ ಬಿದ್ದೊಡನೆ ಹಾಸಿಗೆಯ ಅಂಚಿನಲ್ಲಿ ಕಡಲೆಕಾಳಿನಷ್ಟು ಹಸಿರು ದೀಪ ಹತ್ತಿತು. ಒಳಗಿದ್ದ ತಾಮ್ರದ ಸುರುಳಿಗಳಲ್ಲಿ ವಿದ್ಯುತ್ತು ಒಮ್ಮೆ ಹರಿದು ನಿಂತಿತು, ಮತ್ತೆ ಹರಿದು ನಿಂತಿತು. ಕಿವಿಗೊಟ್ಟು ಕೇಳಿದರೆ ಹಲ್ಲಿ ಲೊಚಗುಟ್ಟಿದಷ್ಟು ಸಣ್ಣ ಸದ್ದು, ಅಷ್ಟೇ. ಮೈಗೆ ಬಿಸಿ ತಾಗದು, ಜುಮ್ಮೆನ್ನದು. ಎಂಬತ್ತು ದಾಟಿದ ಮುದುಕಿ ಎರಡು ಸಲ ಆಕಳಿಸಿ, ಮಗ್ಗುಲಲ್ಲಿದ್ದ ಕೂಸನ್ನು ಎದೆಗೆ ಎಳೆದುಕೊಂಡು ನಿದ್ದೆಹೋದಳು. ಮೊಮ್ಮಗಳು ಇಂಚರಳ ಐದು ತಿಂಗಳ ಮಗಳು ಅದು, ಹೆಸರು ಅವನಿ. ಮಲಗಿದ್ದಷ್ಟು ಹೊತ್ತೂ ಮಹಾನಂದವ್ವನ ಸೊಂಟದ ಮೂಳೆ ತನ್ನಷ್ಟಕ್ಕೆ ತಾನು ಗಟ್ಟಿಯಾಗುತ್ತಿತ್ತು.

ಆ ಹಾಸಿಗೆಯ ಹೆಸರು ಮಿಡಿಹಾಸು. ಎರಡು ಸಾವಿರದ ಐವತ್ತೆಂಟರ ಹೊತ್ತಿಗೆ ಹುಬ್ಬಳ್ಳಿ ಸುತ್ತಿನ ಐದು ಜಿಲ್ಲೆಗಳಲ್ಲಿ ಅದನ್ನು ಕಾಣದ ಓಣಿಯೇ ಇರಲಿಲ್ಲ. ಅದನ್ನು ಮಾಡಿದವಳು ಮಹಾನಂದವ್ವನ ಮಗಳೇ, ಡಾಕ್ಟರ್ ಸ್ಫೂರ್ತಿ ಹಂಚಿನಮನಿ. ಯಾರಾದರೂ ಕೇಳಿದರೆ ಅವಳು ಅದರ ಗುಟ್ಟನ್ನು ಹೀಗೆ ಬಿಡಿಸಿ ಹೇಳುತ್ತಿದ್ದಳು: ನಾವು ಹೆಜ್ಜೆ ಇಟ್ಟಾಗಲೆಲ್ಲ ಮೂಳೆ ತುಸು ಬಾಗುತ್ತದೆ. ಬಾಗಿದಾಗ ಅದರಲ್ಲಿ ಎಳ್ಳಿನಷ್ಟು ವಿದ್ಯುತ್ತು ಹುಟ್ಟುತ್ತದೆ. ಭಾರ ಬಿದ್ದಿದೆ, ಇಲ್ಲಿ ಕಟ್ಟಬೇಕು ಎಂದು ಮೂಳೆ ಕಟ್ಟುವ ಜೀವಕೋಶಗಳಿಗೆ ಅದೇ ಸೂಚನೆ. ವಯಸ್ಸಾದಂತೆ ನಡಿಗೆ ಕುಗ್ಗುತ್ತದೆ, ಕೋಶಗಳು ಸೋಮಾರಿಗಳಾಗುತ್ತವೆ, ಮೂಳೆ ಜೊಳ್ಳಾಗುತ್ತದೆ. ಬಿಟ್ಟು ಬಿಟ್ಟು ಮಿಡಿಯುವ ಕಾಂತಕ್ಷೇತ್ರವೊಂದು ಕೌದಿಯನ್ನೂ ಮಾಂಸವನ್ನೂ ದಾಟಿ ಹೋಗಿ, ಅದೇ ಸಣ್ಣ ವಿದ್ಯುತ್ತನ್ನು ಮೂಳೆಯೊಳಗೆ ಹುಟ್ಟಿಸಬಲ್ಲದು. ಕೂಡದೆ ಹಟ ಹಿಡಿದ ಮೂಳೆಮುರಿತಗಳಿಗೆ ಹಿಂದಿನ ಶತಮಾನದಲ್ಲೇ ವೈದ್ಯರು ಈ ಉಪಾಯ ಬಳಸಿದ್ದರು. ಸ್ಫೂರ್ತಿ ಕಂಡುಹಿಡಿದದ್ದು ಮಿಡಿತದ ಹೊಸ ಲಯವನ್ನು. ಆ ಲಯಕ್ಕೆ ಮುದಿ ಕೋಶಗಳೂ ದಡಬಡಿಸಿ ಎದ್ದು ಕೆಲಸಕ್ಕೆ ಇಳಿಯುತ್ತಿದ್ದವು. ಮಲಗಿದ ಮುದುಕಿ ಗುಡ್ಡ ಹತ್ತುತ್ತಿದ್ದಾಳೆಂದು ಅವು ನಂಬಿಬಿಡುತ್ತವೆ ಎಂದು ಅವಳು ನಗುತ್ತಿದ್ದಳು.

ಇದಕ್ಕೆಲ್ಲ ಮೂಲ ಅವ್ವನೇ. ಕೆಲವು ವರ್ಷಗಳ ಹಿಂದೆ ಮಹಾನಂದವ್ವ ಅಡುಗೆಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಹಾಸಿಗೆ ಹಿಡಿದ ಹೆಂಗಸು ಮತ್ತೆ ಏಳುತ್ತಾಳೆಂದು ಯಾರಿಗೂ ಭರವಸೆ ಇರಲಿಲ್ಲ. ಮಿಡಿಹಾಸಿನ ಮೊದಲ ಮಾದರಿ ಅವಳ ಬೆನ್ನ ಕೆಳಗೇ ಬಂದದ್ದು. ಅವಳು ಎದ್ದಳು, ನಡೆದಳು, ಆಮೇಲೆ ಕೋಲನ್ನು ಮೂಲೆಗೆ ಎಸೆದಳು. ಸರ್ಕಾರ ಅರವತ್ತು ದಾಟಿದ ಹೆಂಗಸರಿಗೆಲ್ಲ ಹಾಸಿಗೆ ಹಂಚಿತು. ಕುಕ್ಕರಗಾಲಲ್ಲಿ ಕೂತು ಏಳಲಾರದವರು ಮೊಮ್ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಸಂತೆ ಸುತ್ತತೊಡಗಿದರು. ಜನ ಸ್ಫೂರ್ತಿಯನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಅವಳಿಗೂ ಅದು ಹಿತವಾಗಿತ್ತು, ಸುಳ್ಳೇಕೆ ಹೇಳಬೇಕು.

ಮಕ್ಕಳ ವಿಷಯದಲ್ಲಿ ಅವಳೇನೂ ಅಜಾಗರೂಕಳಾಗಿರಲಿಲ್ಲ. ಬೆಳೆಯುವ ಮೂಳೆಗೆ ಈ ಮಿಡಿತ ತಾಗಬಾರದೆಂದು ಹಾಸಿಗೆಯಲ್ಲಿ ತೂಕದ ಕೀಲಿ ಇರಿಸಿದ್ದಳು. ಮೂವತ್ತು ಕಿಲೋಗಿಂತ ಕಡಿಮೆ ಭಾರ ಬಿದ್ದರೆ ದೀಪ ಹತ್ತುವುದೇ ಇಲ್ಲ. ಆಡುತ್ತ ಆಡುತ್ತ ಮಗುವೊಂದು ಹತ್ತಿ ಮಲಗಿದರೂ ಅದು ಬರೀ ಹತ್ತಿಯ ಹಾಸಿಗೆ. ಈ ಕೀಲಿಗಾಗಿ ಅವಳಿಗೆ ಪ್ರಶಸ್ತಿಯೂ ಬಂದಿತ್ತು.

ಒಂದು ಭಾನುವಾರ ಕೂಸಿಗೆ ನೀರೆರೆಯುವ ಹೆಂಗಸು ಮದುವೆಗೆಂದು ಊರಿಗೆ ಹೋಗಿದ್ದಳು. ಮಗಳ ಬಾಣಂತನದಲ್ಲಿ ತಾನು ಒಂದು ದಿನವೂ ಕೂಸಿಗೆ ಎಣ್ಣೆ ಹಚ್ಚಿಲ್ಲವಲ್ಲ ಎಂಬ ಅಳುಕಿನಿಂದ ಸ್ಫೂರ್ತಿ ಸೀರೆ ಮೊಣಕಾಲಿಗೆ ಕಟ್ಟಿ ಬಚ್ಚಲಲ್ಲಿ ಕಾಲು ಚಾಚಿ ಕೂತಳು. ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಕೈ ಕಾಲಿಗೆ ತಿಕ್ಕಿದಳು, ಹೊಟ್ಟೆಗೆ ತಿಕ್ಕಿದಳು. ಅಂಗೈಯಲ್ಲಿ ಹರಳೆಣ್ಣೆ ಹುಯ್ದುಕೊಂಡು ನೆತ್ತಿಗೆ ಒತ್ತಿದಳು.

ಬೆರಳಿಗೆ ಮೆತ್ತನೆಯ ಜಾಗ ಸಿಗಲಿಲ್ಲ. ಎಳೆಗೂಸಿನ ನೆತ್ತಿಯಲ್ಲಿ ಬೆರಳಿಟ್ಟರೆ ಮೆಲ್ಲಗೆ ಬಡಿಯಬೇಕು, ಅದು ಬಡಿಯುತ್ತಿರಲಿಲ್ಲ. ಅಲ್ಲಿದ್ದದ್ದು ಮೂಳೆ. ಹಣೆಯಿಂದ ಹಿಂದಲೆಯವರೆಗೆ ಬದುವಿನಂತೆ ಸಣ್ಣಗೆ ಎದ್ದುನಿಂತಿತ್ತು.

ತಪ್ಪಿ ಮುಟ್ಟಿರಬೇಕೆಂದು ಸ್ಫೂರ್ತಿ ಎಣ್ಣೆ ಒರೆಸಿ ಮತ್ತೆ ಮುಟ್ಟಿದಳು. ಹುಟ್ಟಿದ ಕೂಸಿನ ತಲೆಬುರುಡೆ ಒಂದೇ ಚಿಪ್ಪಲ್ಲ, ಹಲವು ಹಲಗೆಗಳು. ಅವುಗಳ ನಡುವಿನ ಹೊಲಿಗೆ ಸಡಿಲವಾಗಿದ್ದರೆ ಮಾತ್ರ ಒಳಗಿನ ಮಿದುಳು ಬೆಳೆಯಲು ಜಾಗ. ನೆತ್ತಿ ಮುಚ್ಚುವುದಕ್ಕೆ ಒಂದು ವರ್ಷವಾದರೂ ಬೇಕು. ಐದೇ ತಿಂಗಳಿಗೆ ಇಷ್ಟು ಗಟ್ಟಿಯಾಗಿ ಯಾರು ಕಟ್ಟಿದರು ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ಬಿಸಿನೀರು ತಂದ ಇಂಚರಳನ್ನು ಅವಳು ಆದಷ್ಟು ಸಾವಧಾನದಿಂದ ಕೇಳಿದಳು, "ನೆತ್ತಿ ಯಾವಾಗಿಂದ ಹಿಂಗೈತಿ?"

"ಹೋದ ತಿಂಗಳಿಂದ ಇರಬೇಕು ಮಮ್ಮಿ. ಚಲೋ ಆತು, ಇನ್ನ ಅಂಜೂದು ಬ್ಯಾಡ, ಗಟ್ಟಿ ತಲಿ ಐತಿ ಅಂದ್ಲು ಅಜ್ಜಿ."

"ಕೂಸು ಎಲ್ಲಿ ಮಲಗತೈತಿ?"

"ಎಲ್ಲಿ ಅಂದ್ರ? ಅಜ್ಜಿ ಮಗ್ಗಲದಾಗ. ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ದಿನಾ ಕಣ್ಣಾರೆ ಕಂಡಿದ್ದಳು. ಎಷ್ಟೋ ಸಲ ಇಬ್ಬರಿಗೂ ಸೇರಿಸಿ ಕೌದಿ ಹೊದಿಸಿದ್ದಳು. ತಾನೂ ತನ್ನ ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು. ಮನೆಯ ಬಾಗಿಲು ಕಿಟಕಿಗಳನ್ನು ಯಾರೂ ಹೇಗೆ ನೋಡುವುದಿಲ್ಲವೋ ಹಾಗೆ ಅವಳು ಅದನ್ನು ನೋಡಿರಲಿಲ್ಲ. ಮಗು ಒಂಟಿಯಾಗಿ ಮಲಗಿದರೆ ಹಾಸಿಗೆ ಮಿಡಿಯದು. ಅಜ್ಜಿಯೊಂದಿಗೆ ಮಲಗಿದರೆ? ಅಜ್ಜಿಯ ಭಾರಕ್ಕೆ ದೀಪ ಹತ್ತುತ್ತದೆ, ಮಿಡಿತ ಇಬ್ಬರಿಗೂ ಹರಿಯುತ್ತದೆ. ಮುದಿ ಕೋಶಗಳನ್ನೇ ಎಬ್ಬಿಸುವ ಲಯ ಎಳೆಯ ಕೋಶಗಳನ್ನು ಏನು ಮಾಡಿರಬೇಡ? ಪ್ರಯೋಗಗಳೆಲ್ಲ ಆಸ್ಪತ್ರೆಯಲ್ಲಿ ನಡೆದಿದ್ದವು, ಒಬ್ಬರಿಗೊಂದು ಮಂಚ ಹಾಕಿ. ಅಲ್ಲಿ ಯಾವ ಅಜ್ಜಿಯ ಮಗ್ಗುಲಲ್ಲೂ ಕೂಸಿರಲಿಲ್ಲ.

ಅವತ್ತೇ ತಲೆಯ ಸ್ಕ್ಯಾನ್ ಆಯಿತು. ಮಕ್ಕಳ ಶಸ್ತ್ರವೈದ್ಯ ಪರದೆಯನ್ನು ಅವರ ಕಡೆ ತಿರುಗಿಸಿ, ಹೊಲಿಗೆಗಳು ಬೆಸೆದುಹೋಗಿವೆ ಎಂದ. ಮಿದುಳು ಬೆಳೆಯುತ್ತಲೇ ಇದೆ, ಬುರುಡೆ ಜಾಗ ಕೊಡುತ್ತಿಲ್ಲ, ಹೀಗೇ ಬಿಟ್ಟರೆ ಕಣ್ಣು ಹೋಗಬಹುದು, ಬುದ್ಧಿಯೂ ಕುಂಠಿತವಾಗಬಹುದು. ಬೇಗ ಮೂಳೆ ಕತ್ತರಿಸಿ ಜಾಗ ಬಿಡಿಸಿದರೆ ಕೂಸು ಚೆನ್ನಾಗಿ ಬೆಳೆಯುತ್ತದೆ. ತಡವಾದಷ್ಟೂ ಕಷ್ಟ. ಇಂಚರ ಗೋಡೆಗೆ ಒರಗಿ ಕೂತುಬಿಟ್ಟಳು. ಸ್ಫೂರ್ತಿಗೆ ಮಗಳ ಹೆಗಲ ಮೇಲೆ ಕೈಯಿಡುವ ಧೈರ್ಯವೂ ಬರಲಿಲ್ಲ.

ಹೊರಗೆ ಆಸ್ಪತ್ರೆಯ ಮೆಟ್ಟಿಲಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು, ಕಂಬಿ ಹಿಡಿಯದೆ ಸರಸರನೆ ಇಳಿಯುತ್ತಿದ್ದಳು. ನಿನ್ನೆಯಾಗಿದ್ದರೆ ಸ್ಫೂರ್ತಿ ಎದೆಯುಬ್ಬಿಸಿ ನೋಡುತ್ತಿದ್ದಳು. ಈಗ ಓಡಿಹೋಗಿ ಆ ಹುಡುಗನ ತಲೆ ಮುಟ್ಟಿ ನೋಡಬೇಕೆನಿಸಿತು. ಐದು ಜಿಲ್ಲೆಗಳ ಅಷ್ಟೂ ಮನೆಗಳಲ್ಲಿ ಈ ಹೊತ್ತಿಗೆ ಎಷ್ಟು ಹಸಿರು ದೀಪಗಳು ಹತ್ತಿರಬಹುದು, ಅವುಗಳ ಪಕ್ಕದಲ್ಲಿ ಎಷ್ಟು ಎಳೆಯ ತಲೆಗಳಿರಬಹುದು ಎಂದು ಅವಳು ಎಣಿಸತೊಡಗಿದಳು.

ನೇರವಾಗಿ ಧಾರವಾಡಕ್ಕೆ ಹೋಗಿ, ರಜೆಯಾದರೂ ಯೋಜನೆಯ ಕಚೇರಿ ತೆರೆಸಿದಳು. ಮಿಡಿಹಾಸು ಯೋಜನೆಯ ಮುಖ್ಯಸ್ಥ ವಿಶ್ವರಾಜ ಕೆರೂರ ಕೆಟ್ಟ ಮನುಷ್ಯನಲ್ಲ. ಆದರೆ ಒಂದು ಕೂಸಿನ ಮೇಲೆ ಇಷ್ಟು ದೊಡ್ಡ ಮಾತು ಆಡಬಾರದೆಂದು ಅವನ ವಾದ. ಹುಟ್ಟಿನಿಂದಲೂ ಹೀಗಾಗುವುದುಂಟು, ಒಂದಾರು ತಿಂಗಳು ನೋಡೋಣ, ಹಾಸಿಗೆ ನಿಲ್ಲಿಸಿದರೆ ನಾಳೆ ಮುದುಕಿಯರು ಬಿದ್ದು ಸೊಂಟ ಮುರಿದುಕೊಂಡಾರು ಎಂದ. ಒಬ್ಬರೇ ಮಲಗಬೇಕು ಎಂದು ಕೈಪಿಡಿಯಲ್ಲಿ ಬರೆದಿದ್ದೇವಲ್ಲ ಎಂದೂ ಸೇರಿಸಿದ.

"ನಿಮ್ಮ ತಾಯಾರು ಯಾರ ಜೋಡಿ ಮಲಗತಾರ್ರಿ?" ಎಂದು ಸ್ಫೂರ್ತಿ ಕೇಳಿದಳು.

ವಿಶ್ವರಾಜ ಫೋನು ಕೈಗೆತ್ತಿಕೊಂಡ. ಅವನ ಮಗನಿಗೂ ಆರು ತಿಂಗಳ ಕೂಸಿತ್ತು. ಮನೆಗೆ ಫೋನು ಮಾಡಿ, ಕೂಸಿನ ನೆತ್ತಿ ಮುಟ್ಟಿ ನೋಡಿ ಹೇಳು ಎಂದು ಹೆಂಡತಿಗೆ ಹೇಳಿದ. ಉತ್ತರಕ್ಕೆ ಕಾಯುತ್ತ ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಅತ್ತಿತ್ತ ಸರಿಸಿದ. ನೆತ್ತಿ ಕಲ್ಲಿನಂತಿದೆ, ಯಾಕೆ ಕೇಳಿದಿರಿ ಎಂದು ಹೆಂಡತಿ ಆ ಕಡೆಯಿಂದ ಕೇಳುತ್ತಲೇ ಇದ್ದಳು. ಅವನು ಫೋನು ಕೆಳಗಿಟ್ಟ.

"ನಿಲ್ಲಸ್ರಿ," ಎಂದ.

ಹಾಸಿಗೆಗಳನ್ನು ಧಾರವಾಡದಿಂದಲೇ ನಿಲ್ಲಿಸಬಹುದಿತ್ತು, ಸಂಜೆಯೊಳಗೆ ಎಲ್ಲ ದೀಪಗಳೂ ಆರಿದವು. ಕಾರಣ ಹೇಳದೆ, ದುರಸ್ತಿ ಎಂದು ಸುಮ್ಮನಾಗೋಣ ಎಂದು ಕೆಲವರು ಅಂದರು. ಸ್ಫೂರ್ತಿ ಒಪ್ಪಲಿಲ್ಲ. ಆಗಲೇ ಬೆಸೆದುಹೋದ ತಲೆಗಳನ್ನು ಹುಡುಕಿ ತೆಗೆಯಬೇಕಿತ್ತು, ಅದಕ್ಕೆ ಇದ್ದದ್ದು ಕೆಲವೇ ತಿಂಗಳು. ಮಿಡಿಹಾಸಿನ ಮೇಲೆ ಹಿರಿಯರೊಂದಿಗೆ ಮಲಗುವ ಎಳೆಗೂಸುಗಳನ್ನೆಲ್ಲ ತಪಾಸಣೆಗೆ ತನ್ನಿ ಎಂದು ಅವಳೇ ಟಿ.ವಿ. ಕ್ಯಾಮೆರಾದ ಮುಂದೆ ನಿಂತು ಹೇಳಿದಳು, ಯಾಕೆಂದೂ ಹೇಳಿದಳು.

ಆಸ್ಪತ್ರೆಗಳ ಮುಂದೆ ಸಾಲುಗಟ್ಟಿತು. ನೂರಾರು ಕೂಸುಗಳು ಸಿಕ್ಕವು. ಹೆಚ್ಚಿನವು ಉಳಿಯುವ ಹಂತದಲ್ಲೇ ಸಿಕ್ಕವು, ಕೆಲವು ಸಿಗಲಿಲ್ಲ. ಜನ ಹಾಸಿಗೆಗಳನ್ನು ಬೀದಿಗೆ ಎಸೆದರು. ಅಷ್ಟಕ್ಕೇ ನಿಂತಿದ್ದರೆ ಆಗಿತ್ತು. ಕಾಂತಶಕ್ತಿ ಮುದುಕಿಯರ ಮೂಳೆಯಲ್ಲಿ ಉಳಿದುಕೊಂಡಿದೆ, ಮುಟ್ಟಿದರೂ ಮಕ್ಕಳಿಗೆ ಹತ್ತುತ್ತದೆ ಎಂದು ಯಾರೋ ಹಬ್ಬಿಸಿದರು. ಸೊಸೆಯಂದಿರು ಅತ್ತೆಯರ ತೊಡೆಯಿಂದ ಮಕ್ಕಳನ್ನು ಕಿತ್ತುಕೊಂಡರು. ಹಾಸಿಗೆ ನಿಂತೊಡನೆ ಕಾಂತಕ್ಷೇತ್ರವೂ ಇಲ್ಲವಾಗುತ್ತದೆ, ಮೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ಸ್ಫೂರ್ತಿ ಗಂಟಲು ಹರಿಯುವಷ್ಟು ಸಲ ಹೇಳಿದಳು. ಅವಳ ಮಾತಿಗೆ ಈಗ ಬೆಲೆ ಇರಲಿಲ್ಲ.

ಅವನಿಯ ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ಸ್ಫೂರ್ತಿ ನೀರೂ ಕುಡಿಯಲಿಲ್ಲ. ವಿಜ್ಞಾನಿಯ ಧೈರ್ಯವೆಲ್ಲ ಎಲ್ಲಿ ಹೋಯಿತೋ, ಕಂಡ ಕಂಡ ದೇವರಿಗೆ ಹರಕೆ ಹೊತ್ತಳು. ಕೂಸು ಬದುಕಿತು. ಬುರುಡೆಯಲ್ಲಿ ಜಾಗ ಬಿಡಿಸಿದ್ದರಿಂದ ತಲೆ ಸರಿಯಾಗಿ ಬೆಳೆಯತೊಡಗಿತು, ಕಣ್ಣೂ ಚೆನ್ನಾಗಿತ್ತು.

ಇದು ನಡೆಯಲು ಇನ್ನೂ ಕೆಲವು ದಶಕಗಳಿವೆ, ಮಿಡಿಹಾಸು ಇನ್ನೂ ಹುಟ್ಟಿಲ್ಲ. ಆದರೆ ಇವತ್ತು ನಮ್ಮ ಮನೆಗಳಿಗೆ ಬರುತ್ತಿರುವ ಎಷ್ಟೋ ವಸ್ತುಗಳನ್ನು ಒಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಅಳೆದು ಮಾಡಿದ್ದಾರೆ. ಅವು ಬಂದು ಸೇರುವುದು ನಾಲ್ಕು ಜನ ಒತ್ತಿಕೊಂಡು ಮಲಗುವ ಕೋಣೆಗೆ. ಇವರ ಮಗ್ಗುಲಲ್ಲಿ ಯಾರು ಮಲಗುತ್ತಾರೆ ಎಂಬ ಪ್ರಶ್ನೆಯನ್ನು ಸ್ಫೂರ್ತಿ ಕೇಳಿದ್ದು ತಡವಾಗಿ. ನಾವಾದರೂ ಎಲ್ಲಿ ಕೇಳಿದ್ದೇವೆ?

ಮರುವರ್ಷದ ಹೊತ್ತಿಗೆ ಹೊಸ ಹಾಸಿಗೆ ತಯಾರಾಯಿತು. ಮಗ್ಗುಲಿಗೆ ಮಗು ಬಂದರೆ ತಾನೇ ನಿಲ್ಲುವಂಥದ್ದು. ಯಂತ್ರದ ತಪ್ಪನ್ನು ತಿದ್ದುವುದು ಅಷ್ಟು ಸುಲಭವಿತ್ತು. ಮಹಾನಂದವ್ವ ಮಾತ್ರ ಆ ಭಾನುವಾರದಿಂದ ಕೂಸನ್ನು ಮುಟ್ಟಿರಲಿಲ್ಲ. ಅವನಿ ಇದ್ದ ಕೋಣೆಗೆ ಅವಳು ಬರುವುದೇ ಕಡಿಮೆ. ಬಂದರೆ ಬಾಗಿಲ ಹತ್ತಿರ ಕೂರುತ್ತಿದ್ದಳು.

ಇಂಚರ ಗಂಡನ ಮನೆಗೆ ಹೊರಡುವ ದಿನ ಸ್ಫೂರ್ತಿ ಅವ್ವನ ಮುಂದೆ ಕೂತು ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಿದಳು. ತಪ್ಪು ಹಾಸಿಗೆಯದು, ಮಾಡಿದ ತನ್ನದು, ನಿನ್ನ ಮೈಯಲ್ಲಿ ಏನೂ ಇಲ್ಲ, ಒಮ್ಮೆ ಎತ್ತಿಕೊಂಡು ಕಳಿಸು ಎಂದು ಅಂಗಲಾಚಿದಳು. ಮಹಾನಂದವ್ವ ಎಲ್ಲವನ್ನೂ ಕೇಳಿಸಿಕೊಂಡಳು.

"ನೀ ಹೇಳೂದು ಖರೇ ಇರಬೇಕವ್ವಾ," ಎಂದಳು. "ಹಾಸಿಗಿ ತಂದಾಗೂ ನೀ ಖರೇನ ಹೇಳಿದ್ದಿ."

ಅಷ್ಟರಲ್ಲಿ ಅವನಿ ಇಂಚರಳ ಕೈಯಿಂದ ಜಾರಿ ನೆಲಕ್ಕಿಳಿದಿತ್ತು. ಅಂಬೆಗಾಲಿಡುತ್ತ ಬಂದು ಮುತ್ತಜ್ಜಿಯ ಸೆರಗು ಹಿಡಿದು ತೊಡೆ ಹತ್ತಲು ನೋಡಿತು. ಮಹಾನಂದವ್ವ ಸೆರಗು ಬಿಡಿಸಿಕೊಂಡು, ನೆಲಕ್ಕೆ ಕೈಯೂರದೆ ಥಟ್ಟನೆ ಎದ್ದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ತಾಗುವವರೆಗೆ ಬಿರಬಿರನೆ ಹಿಂದೆ ಸರಿದಳು. ಕಾಲು ನಡುಗಲಿಲ್ಲ, ಸೊಂಟ ನೋಯಲಿಲ್ಲ. ಕೂಸು ಆಟವೆಂದುಕೊಂಡು ನಕ್ಕು, ಇನ್ನಷ್ಟು ಬೇಗ ಅವಳ ಕಡೆಗೇ ಹೊರಟಿತು.

"ಎತ್ತಗೋ ಸ್ಫೂರ್ತಿ," ಎಂದು ಮಹಾನಂದವ್ವ ಬೇಡಿಕೊಳ್ಳುತ್ತಿದ್ದಳು. "ಕೂಸನ್ನ ಲಗೂನ ಎತ್ತಗೋ."