ನೀರಾಡದ ಕಾಯಿ

ಮಚ್ಚು ನನ್ನ ಕಿವಿ ಪಕ್ಕದಲ್ಲೇ ಬಂದು ತೊಲೆಗೆ ಕಚ್ಕೊಳ್ತು!

ಒಂದಂಗುಲ... ಒಂದೇ ಒಂದಂಗುಲ ಈ ಕಡೆ ಬಂದಿದ್ರೆ ಈ ಕತೆ ಹೇಳೋಕೆ ನಾನಿರ್ತಿರ್ಲಿಲ್ಲ. ಅಳೋಕೂ ಯಾರೂ ಇರ್ತಿರ್ಲಿಲ್ಲ, ಆ ಮಾತು ಬೇರೆ.

"ಆ ಕಾಯಿ ಕೊಡು!" ಅಂದ ಏಣಿ ಮೇಲಿದ್ದವನು. ಹೆಸರು ಶ್ರೀರಂಗಯ್ಯ. ವಯಸ್ಸು ಐವತ್ತರ ಹತ್ರ. ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನೋಡಿದ್ರೆ ಮೇಷ್ಟ್ರು ಅನ್ಬೇಕು.

ನಾನು ಅಟ್ಟದ ಮೇಲೆ, ತೆಂಗಿನಕಾಯಿ ರಾಶಿ ನಡುವೆ ಮಂಡಿಯೂರಿ ಕೂತಿದ್ದೆ. ಕೈಯಲ್ಲಿ ಒಂದು ಕಾಯಿ.

"ಕೊಡಲ್ಲ."

"ಅದರೊಳಗೇನಿದೆ ಗೊತ್ತೇನಯ್ಯಾ ನಿನಗೆ?"

"ನನ್ನ ಮುಖ ನೋಡು. ಗೊತ್ತಿದೆಯೋ ಇಲ್ವೋ ಅಂತ ನಿನಗೇ ತಿಳಿಯುತ್ತೆ."

ನೋಡಿದ. ನನ್ನ ಮುಖದ ತುಂಬ ಸಿಡುಬಿನ ಕಲೆ. ಕೆನ್ನೆ, ಮೂಗು, ಹಣೆ... ಒಂದು ಸಾಸಿವೆ ಕಾಳಿಡೋಷ್ಟು ಜಾಗ ಬಿಟ್ಟಿಲ್ಲ ಆ ತಾಯಿ. ನನಗೆ ಹನ್ನೊಂದು ವರ್ಷ ಇದ್ದಾಗ ಬಂದ್ಲು. ಅವ್ವ ಹೋದ್ಲು, ತಂಗಿ ಹೋದ್ಲು. ನಾನು ಉಳ್ಕೊಂಡೆ. ಆಮೇಲೆ ಹೆಣ್ಣು ಕೊಡೋಕೆ ಬಂದವರೆಲ್ಲ ಕಾಫಿ ಕುಡಿಯೋ ಮುಂಚೆಯೇ ಎದ್ದು ಹೋದ್ರು.

ನನ್ನ ಹೆಸರು ಕಾಡಸಿದ್ದಪ್ಪ. ಮೊದಲು ಊರೂರು ತಿರುಗಿ ಸಿಡುಬಿನ ಲಸಿಕೆ ಹಾಕ್ತಿದ್ದೆ. ರೋಗ ನಿರ್ನಾಮ ಆಯ್ತು, ನಮ್ಮ ಕೆಲಸಾನೂ ನಿರ್ನಾಮ ಆಯ್ತು. ಆಮೇಲೆ ಸರ್ಕಾರದ ಇನ್ನೊಂದು ಇಲಾಖೆಗೆ ತಗೊಂಡ್ರು. ಆ ಇಲಾಖೆಗೆ ಬೋರ್ಡಿಲ್ಲ, ಹೆಸರು ಕೇಳ್ಬೇಡಿ. ದೇಶಕ್ಕೆ ಕೇಡು ಬಗೆಯೋರನ್ನ ಸದ್ದಿಲ್ಲದೆ ಹಿಡಿಯೋದು ಕೆಲಸ.

ಈ ಕತೆ ಎಂಬತ್ಮೂರನೇ ಇಸವೀದು. ಆ ಅಟ್ಟ ಹತ್ತೋಕೆ ಮೂರು ದಿನ ಮುಂಚೆ ಬಾಸ್ ಗಂಗಾಧರಯ್ಯ ಒಂದು ಲೆಟರ್ ಮುಂದಕ್ಕೆ ತಳ್ಳಿದ್ರು.

"ಓದು."

ಓದಿದೆ.

'ಸ್ವಾಮೀ, ಲ್ಯಾಬುಗಳಲ್ಲಿದ್ದ ಸಿಡುಬಿನ ವಿಷಾಣುವನ್ನೆಲ್ಲ ಸುಡಿ ಅಂತ ಆರ್ಡರ್ ಬಂದಾಗ ನಾನು ಒಂದು ಟ್ಯೂಬ್ ಎತ್ತಿಟ್ಟುಕೊಂಡೆ. ಲಸಿಕೆ ನಿಲ್ಲಿಸಿದಿರಿ. ಶತ್ರು ಇದನ್ನು ತಂದು ಚೆಲ್ಲಿದರೆ ಏನು ಗತಿ ಅಂತ ಏಳು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ಇದು ಎಂಟನೆಯದು. ಬರುವ ಹರಾಜಿನ ದಿನ ತಿಪಟೂರು ಕೊಬ್ಬರಿ ಮಾರುಕಟ್ಟೆಯಲ್ಲಿ ಅದನ್ನು ತೆಂಗಿನಕಾಯಿಯೊಳಗಿಟ್ಟು ತಂದು ನಾನೇ ಒಡೆಯುತ್ತೇನೆ. ಆಗಲಾದರೂ ಎಚ್ಚರವಾಗಿ.'

ಕೆಳಗೆ ಸಹಿ. ಅದರ ಕೆಳಗೆ ಊರಿನ ಅಡ್ರೆಸ್ಸು!

"ಹುಚ್ಚ ಇರ್ಬೇಕು ಸಾರ್."

"ಹುಚ್ಚನೇ. ಆದ್ರೆ ಅವನು ಹೇಳೋದ್ರಲ್ಲಿ ಸುಳ್ಳು ಯಾವುದು ಹೇಳು?" ಅಂದ್ರು ಬಾಸ್. "ಐದು ವರ್ಷದೊಳಗಿನ ಒಂದು ಮಗುವಿಗೂ ಲಸಿಕೆ ಆಗಿಲ್ಲ. ನೀನೊಬ್ಬನೇ ಹೋಗು. ಒಂದ್ಸಲ ಬಂದು ಹೋದವರಿಗೆ ಅದು ಮತ್ತೆ ಬರಲ್ಲ. ಇಡೀ ಇಲಾಖೇಲಿ ಅಂಥ ಮುಖ ನಿಂದೊಂದೇ."

ಹೊರಟೆ. ಸ್ಟೇಷನ್ನಿಗೆ ಬಿಡೋಕೂ ಯಾರೂ ಬರ್ಲಿಲ್ಲ. ಯಾವತ್ತು ಬಂದಿದ್ರು!

ದಂಡಿನಶಿವರದಿಂದ ಎರಡು ಮೈಲಿ ಒಳಗೆ ಆ ಊರು. ಶ್ರೀರಂಗಯ್ಯನ ಸೋದರತ್ತೆ ಹೊಂಬಾಳಮ್ಮ ತೋಟದ ಬಾಗಿಲಲ್ಲೇ ಸಿಕ್ಕಿದ್ಲು. ಎಪ್ಪತ್ತು ದಾಟಿದ ಮುದುಕಿ. ಅವಳ ಮುಖದಲ್ಲೂ ನನ್ನ ಮುಖದ್ದೇ ಕಲೆ!

"ನಿಂಗೂ ಅಮ್ಮ ಬಂದಿದ್ಲಾ ಮಗಾ?" ಅಂತ ಕೇಳಿದ್ಲು. ಮೂವತ್ತು ವರ್ಷದಲ್ಲಿ ನನ್ನನ್ನ ಮಗಾ ಅಂದವಳು ಅವಳೊಬ್ಬಳೇ. ಇದ್ದದ್ದು ಇದ್ದಂಗೆ ಹೇಳ್ಬಿಟ್ಟೆ.

ಮುದುಕಿ ಎದೆ ಬಡ್ಕೊಳ್ಳಲಿಲ್ಲ. ಹುಬ್ಬು ಗಂಟು ಹಾಕಿದ್ಲು ಅಷ್ಟೆ.

"ಬೆಳಿಗ್ಗೆ ತಿಪಟೂರ್ಗೋದ, ಮಾರ್ಕೆಟ್ ನೋಡ್ಕೊಂಡ್ ಬತ್ತೀನಿ ಅಂತ. ಮೊನ್ನೆ ಬಂದವ್ನೇ ಕೊಬ್ರಿ ಮನೆ ಅಟ್ಟ ಹತ್ತಿದ. ಯಾಕ್ಲಾ ಅಂದ್ರೆ ಸುಮ್ನೆ ಅಂದ. ಅಟ್ಟಕ್ಕಾಕಿದ್ ಕಾಯ್ನ ವರ್ಷ ತುಂಬೋಗಂಟ ಯಾರಾನಾ ಮುಟ್ತಾರಾ? ಬೆಂಗ್ಳೂರ್ಗೋಗಿ ಎಲ್ಲಾ ಮರ್ತವ್ನೆ ಬುಡು."

ಕೊಬ್ಬರಿ ಮನೆ ತೋಟದ ನಡುವೆ ಒಂಟಿಯಾಗಿತ್ತು. ಅಟ್ಟ ಹತ್ತಿ ನೋಡಿದೆ. ಸಿಪ್ಪೆ ಸುಲಿಯದ ಕಾಯಿ, ಸೂರು ಮುಟ್ಟೋವರೆಗೆ! ನಾಲ್ಕು ಸಾವಿರ ಇರ್ಬೇಕು. ಒಂದರೊಳಗೆ ಮೃತ್ಯು. ಯಾವುದು? ನಾಳೆಯೇ ಹರಾಜು. ಒಂದೊಂದನ್ನೇ ಒಡೆಯೋಕೆ ಹೋದ್ರೆ ವಾರ ಬೇಕು. ಟ್ಯೂಬೂ ಒಡೆದು ಹೋದೀತು.

"ಅಲ್ಲಾಡ್ಸು," ಅಂದ್ಲು ಮುದುಕಿ, ಏಣಿ ಹತ್ತುತ್ತಾ.

"ಏನು?"

"ಈ ಕಾಯಿ ಅಟ್ಟಕ್ಕೆ ಬಂದು ಮೂರೇ ತಿಂಗ್ಳಾಗಿರಾದು. ಎಲ್ಲಾದ್ರಾಗೂ ನೀರಾಡ್ಬೇಕು. ವರ್ಷಾದ್ಮ್ಯಾಕೆ ನೀರಿಂಗಿ ಕೊಬ್ರಿ ಗುಂಡು ಲೊಡಲೊಡ ಅಂತದೆ. ಅವ್ನು ಒಳೀಕೆ ಏನಾನ ಇಟ್ಟಿದ್ರೆ ನೀರ್ ಚೆಲ್ಲಿರ್ಬೇಕಲ್ಲಪ್ಪ? ನೀರೂ ಆಡಾಕಿಲ್ಲ, ಗುಂಡೂ ಆಡಾಕಿಲ್ಲ!"

ಭಲೇ ಮುದುಕಿ! ಲ್ಯಾಬಲ್ಲಿ ಇಪ್ಪತ್ತು ವರ್ಷ ದುಡಿದ ಅಳಿಯನಿಗೆ ಹೊಳೀದೇ ಇದ್ದದ್ದು ಇದೇ.

ಕೂತ್ವಿ. ಕಾಯಿ ಎತ್ತೋದು, ಕಿವಿ ಹತ್ರ ಹಿಡಿದು ಅಲ್ಲಾಡ್ಸೋದು, ಆ ಕಡೆ ಹಾಕೋದು. ಬುಳಕ್... ಬುಳಕ್... ಬುಳಕ್... ಬಿಸಿಲು ಏರ್ತು. ಹೆಂಚು ಕಾಯ್ತು. ತೋಳು ಸೋತು ಹೋಯ್ತು. ಮುದುಕಿ ನನಗಿಂತ ಮುಂದೆ!

ಮಧ್ಯಾಹ್ನ ನೀರು ತರ್ತೀನಿ ಅಂತ ಅವಳು ಇಳಿದು ಹೋದ್ಲು. ಆಗ ಸಿಕ್ತು.

ಅಲ್ಲಾಡ್ಸಿದೆ. ಸದ್ದಿಲ್ಲ! ಮತ್ತೆ ಅಲ್ಲಾಡ್ಸಿದೆ. ಮೂಕ ಕಾಯಿ!

ತೊಟ್ಟಿನ ಹತ್ರ ನಾರು ಕಿತ್ತು ಮತ್ತೆ ತುರುಕಿದ ಗುರುತು. ಬೆರಳಲ್ಲಿ ಮೆಲ್ಲಗೆ ಎಳೆದೆ. ಹತ್ತಿ... ಹತ್ತಿಯೊಳಗೆ ಗಾಜು ಮಿಂಚ್ತು.

ಅಷ್ಟು ಹೊತ್ತಿಗೇ ತಿಪಟೂರಿಂದ ವಾಪಸ್ಸಾದ ಶ್ರೀರಂಗಯ್ಯನ ಮಚ್ಚು ಬಂದಿದ್ದು!

ಈಗ ಏಣಿ ಮೇಲಿಂದ ಶ್ರೀರಂಗಯ್ಯ ನನ್ನ ಕಾಲು ಹಿಡಿದೆಳೆದ. ಒದ್ದೆ. ಬಿಡಲಿಲ್ಲ. ರಾಶಿ ಜಾರ್ತು. ದಡದಡ ಅಂತ ಕಾಯಿ ಉರುಳಿದ್ವು. ನನ್ನ ಕೈಲಿದ್ದ ಕಾಯಿ ಓರೆಯಾಯ್ತು. ಟ್ಯೂಬ್ ಸರ್ರನೆ ಜಾರಿ ಏಣಿ ಮೆಟ್ಟಿಲಿಗೆ ಬಡೀತು.

ಟಣ್!

ಅವನ ಬಿಳಿ ಅಂಗಿ ಮೇಲೆ ಬೂದಿಯಂಥ ಪುಡಿ.

ಇಬ್ಬರೂ ಉಸಿರು ಬಿಡಲಿಲ್ಲ.

"ನನಗೆ... ನನಗೆ ಲಸಿಕೆ ಆಗಿದೆ," ಅಂದ ತೊದಲ್ತಾ.

"ಯಾವಾಗ?"

"ಎಪ್ಪತ್ತೊಂದರಲ್ಲಿ."

"ಹನ್ನೆರಡು ವರ್ಷ ಆಯ್ತಲ್ಲೋ ಮಾರಾಯ! ಇನ್ನೂ ಕೆಲಸ ಮಾಡುತ್ತೆ ಅಂತ ಏನು ಗ್ಯಾರಂಟಿ?"

ಮುಖ ಸುಣ್ಣ ಹೊಡೆದ ಗೋಡೆ ಆಯ್ತು. ಸಾವಿರಾರು ಜನಕ್ಕೆ ಹಂಚೋಕೆ ಹೊರಟವನು, ತನ್ನ ಪಾಲಿಗೆ ಬಂದಾಗ ನಡುಗಿಬಿಟ್ಟ!

"ಬೆಂಗಳೂರಿಗೆ ಹೋಗ್ಬೇಕು! ಎಲ್ಲಾದ್ರೂ ಒಂದು ಡೋಸ್ ಸಿಕ್ಕೇ ಸಿಗುತ್ತೆ!" ಅಂದವನೇ ಏಣಿಯಿಂದ ಹಾರಿ ಓಟ ಕಿತ್ತ.

ಹಾರಿದೆ. ಕಾಲು ಉಳುಕ್ತು. ಓಡಿದೆ!

ತೆಂಗಿನ ಸಾಲು... ಬಿದ್ದ ಸೋಗೆ... ನೀರಿನ ಕಾಲುವೆ... ಅವನು ಮುಂದೆ, ನಾನು ಹಿಂದೆ. ರಸ್ತೆ ಕಡೆಯಿಂದ ಬಸ್ಸಿನ ಹಾರನ್ ಕೇಳಿಸ್ತು. ಬಂದೇ ಬಿಡ್ತು ಬಸ್ಸು. ಒಳಗೆ, ಸಂಪಿಗೆ ಊರಿನ ದೇವಸ್ಥಾನದಲ್ಲಿ ಮುಡಿ ತೆಗೆಸ್ಕೊಂಡು ಬರ್ತಿದ್ದ ಒಂದು ಸಂಸಾರ. ಕಿಟಕಿ ತುಂಬ ನುಣ್ಣಗೆ ಬೋಳಿಸಿ ಗಂಧ ಹಚ್ಚಿದ ಪುಟ್ಟ ತಲೆಗಳು!

ಒಂದಕ್ಕೂ ಲಸಿಕೆ ಆಗಿಲ್ಲ...

ಶ್ರೀರಂಗಯ್ಯ ಕೈ ಅಡ್ಡ ಹಿಡಿದ. ಬಸ್ಸು ನಿಧಾನ ಆಯ್ತು.

ಸೊಂಟದಲ್ಲಿ ರಿವಾಲ್ವರ್ ಇತ್ತು. ಹೊಡೀಬಹುದಿತ್ತು. ಆದ್ರೆ ನಮ್ಮ ಜನ ನಿಮಗೆ ಗೊತ್ತಲ್ಲ? ಹೆಣ ಬಿದ್ರೆ ಇಡೀ ಬಸ್ಸೇ ಇಳಿದು ನೋಡೋಕೆ ಬರುತ್ತೆ. ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಬರುತ್ತೆ!

ಹಾಗಾಗಿ ರಿವಾಲ್ವರ್ ಮುಟ್ಟಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ ಕಿತ್ತೆಸೆದು, ಮುಖ ಕಾಣೋ ಹಾಗೆ ಬಿಸಿಲಿಗೆ ಹಿಡಿದು ಕಿರುಚಿದೆ.

"ನಿಲ್ಲಿಸ್ಬೇಡ್ರೋ! ಊರಿಗೆ ಅಮ್ಮ ಬಂದವ್ಳೆ! ದೊಡ್ಡಮ್ಮ ಬಂದವ್ಳೆ! ಮಕ್ಕಳು ಮರಿ ಅವ್ರೆ, ಹೋಗ್ರೋ!"

ಡ್ರೈವರ್ ನನ್ನ ಮುಖ ನೋಡಿದ. ಅಮ್ಮ ಬಂದ ಊರಿಗೆ ಹೊರಗಿನವರು ಕಾಲಿಡಬಾರದು ಅನ್ನೋದು ಆ ವಯಸ್ಸಿನವರಿಗೆ ಹೇಳಿಕೊಡ್ಬೇಕಾ? ಒಳಗೆ ಯಾವಳೋ ತಾಯಿ ಚೀರಿದ್ಲು. ಕಂಡಕ್ಟರ್ ಕುತ್ತಿಗೆ ನರ ಕಿತ್ತು ಬರೋ ಹಾಗೆ ಕೂಗಿದ.

"ರೈಟ್! ರೈಟ್! ರೈಟ್!"

ಬಸ್ಸು ಹೋಯ್ತು. ಧೂಳಿನಲ್ಲಿ ಶ್ರೀರಂಗಯ್ಯ ನಿಂತಿದ್ದ, ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ.

"ಎಲ್ಲಿಗೆ ಹೋಗ್ತೀಯೋ? ನಡಿ," ಅಂದೆ. ಕುರಿಮರಿ ಹಾಗೆ ಬಂದ.

ತೋಟದ ಮೂಲೇಲಿ ಪಂಪ್‌ಸೆಟ್ ಮನೆ. ಅವನ ಬಟ್ಟೆ, ನನ್ನ ಬಟ್ಟೆ ಎರಡನ್ನೂ ಕೊಬ್ಬರಿ ಮನೆ ಬಾಗಿಲಿಗೆ ಹಾಕಿ, ತಲೆಗೆ ಮೈಗೆ ನೀರು ಸುರ್ಕೊಂಡ್ವಿ. ದೂರದಿಂದಲೇ ಮುದುಕಿಗೆ ಕೂಗಿ ಹೇಳಿದೆ.

"ಅವ್ವಾ... ಕೊಬ್ರಿ ಮನೆ ಸುಡ್ಬೇಕು."

"ಪೂರ್ತಿನಾ?"

"ಪೂರ್ತಿ."

ನಾಲ್ಕು ಸಾವಿರ ಕಾಯಿ. ಅವಳ ಒಂದು ವರ್ಷದ ಅನ್ನ. ಒಂದ್ಸಲ ಕೊಬ್ಬರಿ ಮನೆ ಕಡೆ ನೋಡಿದ್ಲು. ಆಮೇಲೆ ಒಳಗೆ ಹೋಗಿ ಸೀಮೆಎಣ್ಣೆ ಡಬ್ಬ ತಂದ್ಲು. "ನಂಗೂ ಬಂದು ಹೋಗವ್ಳೆ, ನಂಗೇನ್ ಭಯ?" ಅಂತ ಬೆಂಕಿ ತಾನೇ ಇಟ್ಲು.

ಮಾರನೇ ದಿನ ಬಾಸ್ ಜೀಪಲ್ಲಿ ಬಂದ್ರು. ಬದುವಿನ ಆ ಕಡೆಯೇ ನಿಂತು, ಮೂಗಿಗೆ ಕರ್ಚೀಫ್ ಒತ್ಕೊಂಡು ಕೂಗಿದ್ರು.

"ಕಾಡಸಿದ್ದಪ್ಪಾ! ಹದಿನೇಳು ದಿನ ಇಬ್ಬರೂ ಅಲ್ಲೇ ಇರ್ಬೇಕಂತೆ!"

"ನನಗೆ ಬರಲ್ಲ ಸಾರ್!"

"ಗೊತ್ತಪ್ಪಾ! ಅವನನ್ನ ನೋಡ್ಕೊಳ್ಳೋಕೆ ಬೇರೆ ಯಾರೂ ಒಪ್ತಿಲ್ಲ!"

"ಅವನಿಗೊಂದು ಡೋಸ್ ಕಳಿಸಿ ಸಾರ್!"

"ಇಲ್ಲದ ರೋಗಕ್ಕೆ ಔಷಧಿ ಎಲ್ಲಿಂದ ತರ್ಲಯ್ಯಾ?"

ಒಳಗೆ ಶ್ರೀರಂಗಯ್ಯ ನಕ್ಕ. ಅಳು ಬೆರೆತ ನಗು. "ಇದನ್ನೇ ಏಳು ಸಲ ಬರೆದದ್ದು," ಅಂದ.

ಹದಿನೇಳು ದಿನ! ಹೊಂಬಾಳಮ್ಮ ಬಾಗಿಲಿಗೆ ಮುದ್ದೆ, ಹುರುಳಿ ಸಾರು ತಂದಿಟ್ಟು, ಅಳಿಯನ ಮುಖ ನೋಡ್ದೆ ಹೋಗ್ತಿದ್ಲು. ನಾನು ದಿನಾ ಬೆಳಿಗ್ಗೆ ಅವನ ಹಣೆ ಮುಟ್ಟಿ ನೋಡ್ತಿದ್ದೆ. ಜ್ವರ ಇಲ್ಲ... ಇವತ್ತೂ ಇಲ್ಲ...

ನೆಲದ ಮೇಲೆ ಇದ್ದಿಲಲ್ಲಿ ಚೌಕಾಬಾರ ಬರೆದು ಆಡಿದ್ವಿ. ಮೋಸ ಮಾಡ್ತಿದ್ದ, ಬಡ್ಡೀಮಗ! ಜಗಳ ಆಡಿದ್ವಿ. ಅವನ ಹೆಂಡತಿ ಸತ್ತ ಮೇಲೆ ಮಾತಾಡೋಕೆ ಯಾರೂ ಇಲ್ದೆ ಪತ್ರ ಬರೆಯೋಕೆ ಶುರು ಮಾಡಿದನಂತೆ. "ಯಾರಾದ್ರೂ ಒಂದು ಸಾಲು ಉತ್ತರ ಬರೆದಿದ್ರೆ ಸಾಕಾಗಿತ್ತು," ಅಂದ. ಕಪಾಳಕ್ಕೆ ಬಾರಿಸ್ಬೇಕು ಅನ್ನಿಸ್ತು. ಬಸ್ಸಿನ ಕಿಟಕೀಲಿ ಕಂಡ ಬೋಳು ತಲೆಗಳು ಕಣ್ಣಿಗೆ ಕಟ್ಟಿದ್ವು. ಆದ್ರೂ ಕೈ ಏಳಲಿಲ್ಲ.

ಒಂದು ದಿನ ನನ್ನ ಮುಖ ನೋಡ್ತಾ ಕೇಳಿದ. "ಆಗ ತುಂಬ ನೋವಾಯ್ತೇನೋ ಕಾಡಸಿದ್ದಪ್ಪ?"

ಹನ್ನೊಂದನೇ ವಯಸ್ಸಿನಿಂದ ಆ ಪ್ರಶ್ನೆ ನನ್ನನ್ನ ಯಾರೂ ಕೇಳಿರಲಿಲ್ಲ ಕಣ್ರೀ. ಎದ್ದು ಆ ಕಡೆ ತಿರುಗಿ ನಿಂತ್ಕೊಂಡೆ.

ಅವನಿಗೆ ಏನೂ ಬರಲಿಲ್ಲ. ಹದಿನೆಂಟನೇ ದಿನ ವ್ಯಾನ್ ಬಂತು. ಬೇಡಿ ಹಾಕಿದ್ರು. ಹತ್ತೋ ಮುಂಚೆ ನನ್ನ ಕಡೆ ತಿರುಗಿದ. ಏನಾದ್ರೂ ಹೇಳ್ತಾನೆ ಅಂದ್ಕೊಂಡೆ. ತಳ್ಳಿದ್ರು, ಹತ್ತಿದ.

"ಶಹಬ್ಬಾಸ್! ಫೈಲ್ ಕ್ಲೋಸ್. ನೀನಿನ್ನು ರೂಮಿಗೆ ಹೋಗು," ಅಂದ್ರು ಬಾಸ್.

ಬಂದೆ. ಬೀಗ ತೆಗೆದೆ. ಒಂದು ಮಂಚ, ಒಂದು ಸ್ಟವ್, ಒಂದು ಲೋಟ.

ಅವನಿಗೆ ಏಳು ವರ್ಷ ಜೈಲಾಯ್ತು. ಎಂಟು ಜನ ಇರೋ ಕೋಣೆಗೆ ಹಾಕಿದ್ದಾರಂತೆ, ದಿನವಿಡೀ ಮಾತೇ ಮಾತಂತೆ. ನನಗಾದ ಶಿಕ್ಷೆಗೆ ಮಾತ್ರ ಅಪೀಲೇ ಇಲ್ಲ!