ಕುತ್ತಿಗೆಗೆ ಒಂದು ಬೆರಳು ಕಡಿಮೆ

ಮಸ್ತುರಾ ನನ್ನ ಹೊಲಿಗೆ ಅಂಗಡಿಯ ಮೇಜಿನ ಮೇಲೆ ಬಟ್ಟೆ ಹರವಿದಳು. ಮ್ಯಾಂಗೋಸ್ಟೀನ್ ಹಣ್ಣಿನ ಸಿಪ್ಪೆಯ ಕಡುನೇರಳೆ ಬಣ್ಣ. ಫ್ಯಾನಿನ ಗಾಳಿಗೆ ಒಂದು ಅಂಚು ಎದ್ದಿತು. ಅದನ್ನು ಮಡಿಸುವ ನೆಪದಲ್ಲಿ ಅವಳ ಬೆರಳು ನನ್ನ ಬೆರಳಿನ ಹತ್ತಿರ ಬಂದು, ಮುಟ್ಟದೆ, ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ನನಗೊಂದು ಕುರುಂಗ್ ನಿಲುವಂಗಿ, ಜೊತೆಗೆ ಲಂಗ," ಅಂದಳು. "ಉಳಿದದ್ದರಲ್ಲಿ ಗಂಡಸಿನ ಅಂಗಿ ಒಂದು. ನಾಮಪತ್ರ ಹಾಕೋ ದಿನಕ್ಕೆ ಬೇಕು."

"ಅಂಗಿ ಯಾರಿಗೆ?"

"ಹೊಲೀರಿ, ಅಬಾಂಗ್ ವಾನ್." ಅಬಾಂಗ್ ಎಂದರೆ ತನಗಿಂತ ಹಿರಿಯ ಗಂಡಸನ್ನು ಕರೆಯುವ ಮಾತು. " ಆಮೇಲೆ ಹೇಳ್ತೀನಿ."

"ಅಳತೆ? ಗಾಳಿಗೆ ಹೊಲಿಯಲಾ?"

ಹಿಂದೆ ನಿಂತಿದ್ದ ಅವಳ ಚಿಕ್ಕಮ್ಮ ಮಕ್ ಲಾಂಗ್, ಚೀಲದಿಂದ ಗಂಟು ಹಾಕಿದ ದಾರ ತೆಗೆದಳು. "ಮೊದಲ ಗಂಟು ಕುತ್ತಿಗೆ, ಆಮೇಲೆ ಭುಜ, ತೋಳು, ಕೊನೇದು ಎದೆ. ಟೇಪಿನ ಅಂಕಿ ನನ್ನ ಕಣ್ಣಿಗೆ ಕಾಣಲ್ಲ. ಹೆಚ್ಚು ಕೇಳಬೇಡಪ್ಪ."

ನಮ್ಮ ಮುವಾರ್ ಊರಿನಲ್ಲಿ ಒಂದೇ ಥಾನಿನ ಬಟ್ಟೆ ಒಬ್ಬ ಗಂಡು, ಒಬ್ಬ ಹೆಣ್ಣಿನ ಮೈಮೇಲೆ ಬಂದರೆ ಅದರ ಅರ್ಥ ಮಗುವಿಗೂ ಗೊತ್ತು. ಹಬ್ಬದ ದಿನ ಬೀದಿಯಲ್ಲಿ ಗಂಡಹೆಂಡಿರನ್ನು ಗುರುತಿಸುವುದೇ ಹಾಗೆ.

"ಆಗಲಿ ವೈಬಿ," ಅಂದೆ.

ಶಾಸಕರನ್ನು ಊರೆಲ್ಲ ಕರೆಯುವುದು ಹಾಗೆಯೇ: ವೈಬಿ, ಮಾನ್ಯರೇ, ಎಂದು. ನನ್ನ ಅಂಗಡಿಯೊಳಗೆ ಮಾತ್ರ ಅವಳು ಬರೀ ತುರಾ, ಇವತ್ತಿನ ತನಕ. ಅವಳ ಹುಬ್ಬು ಕೂದಲೆಳೆಯಷ್ಟು ಮೇಲೆದ್ದು ಇಳಿಯಿತು.

ಹನ್ನೊಂದು ವರ್ಷದ ಹಿಂದೆ ಅವಳು ಶಾಲೆಯ ಕ್ಯಾಂಟೀನಿನಲ್ಲಿ ಅನ್ನ ಬಡಿಸುತ್ತಿದ್ದಳು. ನದಿ ದಂಡೆಯ ಮನೆಗಳನ್ನು ಕೆಡವಿ ಹೋಟೆಲು ಎಬ್ಬಿಸಲು ಬುಲ್ಡೋಜರ್ ಬಂದ ಬೆಳಿಗ್ಗೆ, ಕೈಯಲ್ಲಿದ್ದ ಸೌಟಿನ ಸಮೇತ ಹೋಗಿ ಅದರ ಮುಂದೆ ಕೂತಳು. ಪೊಲೀಸರು ಎಳೆದಾಗ ಕುರುಂಗ್‌ನ ತೋಳು ಹರಿಯಿತು. ಅಲುಗಾಡಬೇಡಿ, ಸೂಜಿ ಚುಚ್ಚುತ್ತದೆ ಎನ್ನುತ್ತ, ಅವಳು ತೊಟ್ಟಿದ್ದ ಹಾಗೆಯೇ ಅದನ್ನು ನಾನು ಹೊಲಿದೆ. ಮನೆಗಳು ಉಳಿದವು. ನನ್ನ ಮನಸ್ಸು ಉಳಿಯಲಿಲ್ಲ.

ಆ ದಂಡೆಯ ಜನ ಅವಳನ್ನು ಎರಡು ಸಲ ಗೆಲ್ಲಿಸಿದರು. ಆಗ ಪಕ್ಷ ಅವಳ ಸೌಟನ್ನು ಪೋಸ್ಟರಿನಲ್ಲಿ ಅಚ್ಚು ಹಾಕಿಸಿತು. ಈಗ ಅದೇ ಪಕ್ಷದ ಹಿರಿಯರಿಗೆ, ಗಂಡನಿಂದ ಬಿಡುಗಡೆ ಪಡೆದ ಹೆಂಗಸು ಒಂಟಿಯಾಗಿ ವೇದಿಕೆ ಹತ್ತುವುದು ಕಣ್ಣು ಚುಚ್ಚುತ್ತಿತ್ತು. ದಾತುಕ್ ಬಿರುದಿನ ಪಕ್ಷದ ಮುಖಂಡ ಬಹ್ರೋಮ್‌ಗೆ ಎರಡನೇ ಹೆಂಡತಿಯಾಗಲಿ, ಟಿಕೆಟ್ ಖಚಿತ ಎಂದು ಹೇಳಿ ಕಳಿಸಿದ್ದರಂತೆ. ಬುಲ್ಡೋಜರ್ ತಡೆದವಳಿಗೆ ಇವರು ಕೊಡುವ ಬಡ್ತಿ, ಒಬ್ಬ ಗಂಡಸಿನ ಹಿಂದಿನ ಸಾಲಿನ ಕುರ್ಚಿ.

ಕೋಪವೇನೋ ಬಂತು. ಆದರೆ ಅವಳು ಒಲ್ಲೆ ಅಂದಳೋ ಒಪ್ಪಿದಳೋ ಎಂದು ಕೇಳುವ ಧೈರ್ಯ ಬರಲಿಲ್ಲ. ಶಾಸಕಿಯ ಜೊತೆ ಹೆಂಡತಿ ಸತ್ತ ಟೇಲರ್ ಏನು ಮಾತಾಡಬಹುದು? "ತೋಳು ಸಡಿಲ ಮಾಡಲಾ?" ಎಂದು ಹನ್ನೊಂದು ವರ್ಷ ಕೇಳಿದ್ದೆ.

ಮರುದಿನ ಬೆಳಿಗ್ಗೆ ಸುಟ್ಟ ಮಾಂಸದ ಸಾತೆ ಅಂಗಡಿಯಲ್ಲಿ ಪೋನಿರಿನ್ ಬೆಂಚು ಎಳೆದುಕೊಂಡು ಎದುರಿಗೆ ಕೂತ. ಅವನು ಮೀನು ಮಾರುತ್ತಾನೆ, ಮೀನಿಗಿಂತ ಸುದ್ದಿ ಹೆಚ್ಚು.

"ದಾತುಕ್ ಅಂಗಿ ನಿನ್ನ ಹತ್ರಾನೇ ಬಂದಿದೆಯಂತೆ ವಾನ್."

"ಯಾರದು ಅಂತ ಬರೆದಿಲ್ಲ."

"ಬರೀಬೇಕಾ? ವೈಬಿ ಪಕ್ಕ ನಿಲ್ಲೋಕೆ ಇನ್ಯಾರು, ನೀನಾ?"

ಮೇಜು ನಕ್ಕಿತು. ನಾನೂ ನಕ್ಕೆ.

"ಶುಕ್ರವಾರ ಇವತ್ತು, ನಮಾಜಿಗೆ ಹಾಕೋ ನಿನ್ನ ಬಿಳಿ ಅಂಗಿ ಎಲ್ಲಯ್ಯಾ?"

"ತಂತಿ ಮೇಲಿಂದ ಹೋದ ವಾರವೇ ಮಾಯ. ಪಕ್ಕದ ಮನೆ ಮೇಕೆ ತಿಂದಿರಬೇಕು."

"ಪಾಪ, ನಿನ್ನದೆಲ್ಲ ಬೇರೆಯವರೇ ತಿಂತಾರೆ."

ಕಡಲೆಕಾಯಿ ಗೊಜ್ಜಿನಲ್ಲಿ ಅದ್ದಿದ ಮಾಂಸದ ಕಡ್ಡಿಯನ್ನು ತಟ್ಟೆಯಲ್ಲೇ ಬಿಟ್ಟು ಅಂಗಡಿಗೆ ಹೊರಟೆ.

ಅವಳ ಕುರುಂಗ್‌ಗೆ ಟೇಪು ಬೇಕಿರಲಿಲ್ಲ. ಆ ಭುಜ, ಆ ತೋಳು, ಮತದಾರರ ಮದುವೆಮನೆಗಳಲ್ಲಿ ಉಂಡುಂಡು ಹಿಗ್ಗಿದ ಆ ಸೊಂಟ, ಎಲ್ಲವೂ ನನ್ನ ಕೈಗೆ ಬಾಯಿಪಾಠ. ಅಂಗಿ ಮಾತ್ರ ಮೂರು ದಿನ ಮೇಜಿನ ಮೇಲೆ ನನ್ನನ್ನು ಅಣಕಿಸುತ್ತ ಬಿದ್ದಿತ್ತು. ದಾರದ ಪ್ರಕಾರ ತೋಳು ಹೆಚ್ಚುಕಡಿಮೆ ನನ್ನಷ್ಟು, ಭುಜ ನನ್ನಷ್ಟು. ದಾತುಕ್ ಬಹ್ರೋಮ್ ಕೂಡ ಅಷ್ಟೇ. ನಮ್ಮಿಬ್ಬರಲ್ಲಿ ವ್ಯತ್ಯಾಸ ಕೈಗಡಿಯಾರದ್ದು ಮಾತ್ರ.

ಕೊನೆಗೆ ಕತ್ತರಿ ಹಿಡಿದೆ. ಗಂಟು ಹೇಳಿದ್ದಕ್ಕಿಂತ ಒಂದು ಬೆರಳು ಕಿರಿದಾಗಿ ಕುತ್ತಿಗೆ ಕತ್ತರಿಸಿದೆ. ಉಸಿರು ನಿಲ್ಲುವಷ್ಟಲ್ಲ, ಭಾಷಣ ಬಾರದಷ್ಟು. ಮೂವತ್ತು ವರ್ಷದಲ್ಲಿ ಬೇಕೆಂದೇ ಕೆಡಿಸಿದ ಮೊದಲ ಬಟ್ಟೆ ಅದು. ನಾಚಿಕೆ ಮುಚ್ಚಲು, ಕುತ್ತಿಗೆಯ ಸುತ್ತ ಹಾವುಮೀನಿನ ಮುಳ್ಳಿನಂಥ ನಮ್ಮ ಜೊಹೋರ್ ಸೀಮೆಯ ಹೊಲಿಗೆಯನ್ನು ಎಂದೂ ಹಾಕದಷ್ಟು ಚೆಂದ ಹಾಕಿದೆ. ಒಂದೇ ಗುಂಡಿ, ಒಂದೇ ಕಾಜ.

ಮಕ್ ಲಾಂಗ್ ಬಂದು ಕುರುಂಗ್ ಒಯ್ದಳು. "ಅಂಗಿ ಇಲ್ಲೇ ಇರಲಿ, ಹಾಕ್ಕೊಳ್ಳೋರು ಬರ್ತಾರೆ," ಅಂದಳು.

ನಾಮಪತ್ರದ ದಿನ ಎಂಟು ಗಂಟೆಗೆ ಕಾರು ನಿಂತಿತು. ಪಕ್ಷದ ಬಾವುಟವಿಲ್ಲ. ಇಳಿದವಳು ಮಸ್ತುರಾ, ಮ್ಯಾಂಗೋಸ್ಟೀನ್ ಬಣ್ಣದಲ್ಲಿ. ಹಿಂದೆ ಮಕ್ ಲಾಂಗ್.

"ದಾತುಕ್ ಬರಲಿಲ್ವಾ ವೈಬಿ?"

"ಯಾಕೆ ಬರಬೇಕು? ಟಿಕೆಟ್ ಅವರಿಗೇ ಕೊಟ್ಟಾಯ್ತು. ಈ ಬಟ್ಟೆ ಕೊಂಡ ದಿನವೇ ನಾನು ಒಲ್ಲೆ ಅಂತ ಹೇಳಿ ಬಂದಿದ್ದೆ. ಇವತ್ತು ಪಕ್ಷೇತರ." ಫಾರಂ ಮೇಜಿನ ಮೇಲಿಟ್ಟಳು. "ಅನುಮೋದಕಿ ಮಕ್ ಲಾಂಗ್. ಸೂಚಕರ ಜಾಗ ಖಾಲಿ ಇದೆ. ನೀವು ಸಹಿ ಹಾಕಿ, ಪಕ್ಕದಲ್ಲಿ ನಡೆದು ಒಳಗೆ ಬರಬೇಕು. ಅಂಗಿ ಹಾಕ್ಕೊಳ್ಳಿ."

"ಇದು ನನ್ನ ಅಳತೆ ಅಲ್ಲ."

ಮಕ್ ಲಾಂಗ್ ಚೀಲದಿಂದ ನನ್ನ ಬಿಳಿ ಅಂಗಿ ತೆಗೆದು ಕೊಡವಿದಳು. "ಮೇಕೆ ತಿಂದದ್ದು ಇದೇನಾ? ದಾರದ ಗಂಟೆಲ್ಲ ಇದರ ಅಳತೆದೇ."

ಊರಿನ ಎದೆಯೆಲ್ಲ ಅಳೆದವನು ನನ್ನ ಎದೆಗೆ ಎಂದೂ ಟೇಪು ಹಿಡಿದಿರಲಿಲ್ಲ.

ಮಸ್ತುರಾಳ ದನಿ ಇಳಿಯಿತು. ಫಾರಂ ಅನ್ನು ನನ್ನ ಕಡೆಗೆ ತಳ್ಳಿದಳು. "ಹನ್ನೊಂದು ವರ್ಷ ನೀವೇ ಕೇಳ್ತೀರಿ ಅಂತ ಕಾದೆ. ಇದು ಬರೀ ಸಹಿ ಅಲ್ಲ, ಗೊತ್ತಲ್ಲ. ಈ ಬಟ್ಟೇಲಿ ಇಬ್ಬರೂ ಇಳಿದರೆ ಇಡೀ ಊರಿಗೆ ಹೇಳಿದ ಹಾಗೆ. ಬೇಡ ಅಂದ್ರೆ ಈಗಲೇ ಹೇಳಿ. ಫಾರಂಗೆ ಬೇರೆಯವರನ್ನ ಹುಡುಕ್ತೀನಿ. ಅಂಗಿಗೆ ಹುಡುಕಲ್ಲ."

ಸಹಿ ಹಾಕಿದೆ. ಒಳಗೆ ಹೋಗಿ ಅಂಗಿ ತೊಟ್ಟೆ. ಗುಂಡಿ ಕಾಜದೊಳಗೆ ಹೋಗಲು ಒದ್ದಾಡಿ ಒದ್ದಾಡಿ ಹೋಯಿತು. ಹೊರಬಂದಾಗ ನನ್ನ ಮುಖವೂ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು.

ಮಕ್ ಲಾಂಗ್ ಕುತ್ತಿಗೆಗೆ ಬೆರಳು ತೂರಿಸಲು ನೋಡಿದಳು. "ಕಿರುಬೆರಳೂ ಹೋಗಲ್ಲ ಕಣೇ."

"ನೀವು ಅಳತೆ ತಪ್ಪೋರಲ್ಲವಲ್ಲ," ಅಂದಳು ಮಸ್ತುರಾ.

"ತಪ್ಪಿಲ್ಲ."

"ಮತ್ತೆ?"

"ದಾತುಕ್‌ಗೆ ಅಂತ ಹೊಲಿದೆ."

ಅವಳು ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಇಷ್ಟು ವರ್ಷ ಬಾಯಲ್ಲಿ ಬರದ್ದು ಕತ್ತರೀಲಿ ಬಂತಲ್ಲ."

ನಾನು ಗುಂಡಿಗೆ ಕೈ ಹಾಕಿದೆ.

"ಬಿಚ್ಚಬೇಡಿ. ಒಳ್ಳೆ ಬಟ್ಟೆ ಕೆಡಿಸಿದ್ದೀರಿ, ಶಿಕ್ಷೆ ಅನುಭವಿಸಿ."

ಸಭಾಂಗಣದ ಗೇಟಿನಲ್ಲಿ ಪಕ್ಷದವರ ಡೋಲು ನಮ್ಮನ್ನು ಕಂಡು ತಾಳ ತಪ್ಪಿತು. ದಾತುಕ್ ಬಹ್ರೋಮ್ ಅವಳ ಬಟ್ಟೆ ನೋಡಿದರು, ನನ್ನ ಬಟ್ಟೆ ನೋಡಿದರು, ಕೈಗಡಿಯಾರ ನೋಡಿಕೊಂಡರು. ನದಿ ದಂಡೆಯ ಹೆಂಗಸರು ಸೌಟುಗಳನ್ನು ಎತ್ತಿ ಹಿಡಿದು ನಿಂತಿದ್ದರು. ಅವರ ನಡುವೆ ಪೋನಿರಿನ್, ಅವನು ಮಾರುವ ಮೀನಿನಂತೆಯೇ ಬಾಯಿ ತೆರೆದುಕೊಂಡು.

ವರದಿಗಾರ್ತಿಯೊಬ್ಬಳು ಮೈಕ್ ಚಾಚಿದಳು. "ಪಕ್ಕದಲ್ಲಿರೋರು ಯಾರು ವೈಬಿ?"

"ಅವರನ್ನೇ ಕೇಳಮ್ಮ."

ಬಾಯಿ ತೆರೆದೆ. ಅಂಗಿ ಬಿಡಲಿಲ್ಲ.

ಮಸ್ತುರಾ ಕ್ಯಾಮೆರಾ ಕಡೆಗೇ ನೋಡುತ್ತ, ತುಟಿ ಅಲುಗಿಸದೆ ಅಂದಳು: "ಶಿಕ್ಷೆ ಮುಗೀತು. ಗುಂಡಿ ಬಿಚ್ಚಿ, ಹೇಳಿ."