ಎರಡನೇ ಸಲ ಕೇಳದವನು

ಬಹಳ ಹಿಂದಿನ ಮಾತಲ್ಲ, ಮೊನ್ನೆ ಮೊನ್ನೆಯದು. ಒಂದು ಊರಿನಲ್ಲಿ ಒಂದು ದೊಡ್ಡ ಕಣಜವಿತ್ತು. ಅದರೊಳಗೆ ಎಷ್ಟು ಕೋಣೆಗಳೋ, ಎಷ್ಟು ಬೀಗಗಳೋ ಎಣಿಸಿದವರಿಲ್ಲ. ಕಣಜಕ್ಕೊಂದು ಭೂತ ಕಾವಲು. ಆ ಭೂತ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಕೇಳದೆ ಬಾಯಿ ಬಿಡುತ್ತಲೂ ಇರಲಿಲ್ಲ. ಕೇಳುವ ಹಾಗೆ ಕೇಳಿದರೆ ಮಾತ್ರ ಉತ್ತರ. ಕೊನೆಗೆ ಬಡವಿಯೊಬ್ಬಳು ತಾನೇ ಹೋಗಿ ಕೇಳಿ ಬಾಗಿಲು ತೆಗೆಸಿದಳು...

ಅಜ್ಜಿ ಈ ಕಥೆ ಹೇಳುವಾಗ ಹುಡುಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ಹೂಂಗುಡುತ್ತಿದ್ದಳು. ದೊಡ್ಡವಳಾದ ಮೇಲೆ ಅದೇ ಭೂತದ ಎದುರು ಸಂಬಳಕ್ಕೆ ಕೂರುವುದು ತನ್ನ ಹಣೆಯಲ್ಲಿ ಬರೆದಿದೆಯೆಂದು ಅವಳಿಗೇನು ಗೊತ್ತಿತ್ತು?

ಕಣಜವೆಂದರೆ ರೈಲು ಟಿಕೆಟ್ ಬುಕಿಂಗ್ ಕಚೇರಿಯ ಮೈನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನ ಫೈಲ್ ಸಿಸ್ಟಮ್, ಎಂದರೆ ಕಡತಗಳ ಉಗ್ರಾಣ. ಎಲ್ಲ ರೈಲುಗಳ ಎಲ್ಲ ಸೀಟುಗಳೂ ಅದರ ಹೊಟ್ಟೆಯೊಳಗೆ. ಭೂತವೆಂದರೆ ಆಪರೇಟರುಗಳ ಕೋಣೆಯ ಕನ್ಸೋಲ್. ಕಪ್ಪು ಪರದೆ, ಹಸಿರು ಅಕ್ಷರ. ಇನ್ನು ಆ ಹುಡುಗಿ... ಕಾದ ಎಣ್ಣೆಗೆ ಬಿದ್ದ ಹಾಗೆ ಮಾತು ಮಾತಿಗೂ ಸಿಡಿಯುತ್ತಾಳೆಂದು ಕಚೇರಿಯವರೆಲ್ಲ ಅವಳನ್ನು ‘ಸಾಸಿವೆ’ ಎನ್ನುತ್ತಿದ್ದರು.

ಅವಳು ಮೊದಲು ಸಿಡಿದದ್ದು ಅವನ ಮೇಲೆ.

ಕೆಲಸಕ್ಕೆ ಸೇರಿದ ಹೊಸತು. ಒಂದು ಬೆಳಿಗ್ಗೆ ಕೌಂಟರುಗಳೆಲ್ಲ ಒಮ್ಮೆಗೇ ನಿಂತುಬಿಟ್ಟವು. ಗಾಜಿನ ಗೋಡೆಯಾಚೆ ಜನರ ಸಾಲು ಬಾಗಿಲು ದಾಟಿ ಬೀದಿಗಿಳಿದಿತ್ತು. ಮೊದಲ ಕೌಂಟರಿನ ಅಕ್ಕ ಫೋನಿನಲ್ಲಿ, ಒಳಗೆ ನಿದ್ದೆಯೋ ಎಚ್ಚರವೋ, ಇಲ್ಲಿ ಜನ ನನ್ನನ್ನು ಹಸಿಯಾಗಿ ತಿನ್ನುತ್ತಾರೆ ಎಂದು ಕೂಗಾಡುತ್ತಿದ್ದಳು. ತರಬೇತಿಯಲ್ಲಿ ಕಲಿಸಿದ ದೊಡ್ಡ ಅಸ್ತ್ರ ಸಾಸಿವೆಗೆ ನೆನಪಾಯಿತು: ‘ಹ್ಯಾಂಗ್‌ಬ್ರೇಕ್’. ಸಿಕ್ಕಿಕೊಂಡ ಕೆಲಸಗಳನ್ನು ಒಂದೇ ಏಟಿಗೆ ಮುರಿದು ಬಿಡಿಸುವ ಕಮಾಂಡ್. ಟೈಪ್ ಮಾಡಿದಳು. ಎಂಟರ್ ಒತ್ತಲು ಬೆರಳು ಇಳಿಸಿದಳು.

ಬೆರಳು ಬಿದ್ದದ್ದು ಎಂಟರ್ ಮೇಲಲ್ಲ. ಯಾರದೋ ಬೆಚ್ಚನೆಯ ಮುಂಗೈ ಮೇಲೆ.

ತಲೆಯೆತ್ತಿದಳು. ತೋಳು ಮಡಚಿದ ಅಂಗಿ, ಎರಡು ದಿನದ ಗಡ್ಡ, ಊರೇ ಮುಳುಗಿದರೂ ಅವಸರವಿಲ್ಲದ ಕಣ್ಣುಗಳು. ಹಿರಿಯ ಆಪರೇಟರ್.

“ಕೈ ತೆಗೀರಿ,” ಅಂದಳು.

“ತೆಗೀತೀನಿ. ಎಷ್ಟು ಸಲ ಕೇಳಿದ್ರಿ?”

“ಏನನ್ನ?”

“ಒಳಗಿರೋರನ್ನ.”

ಅವಳು ಕೇಳಿರಲೇ ಇಲ್ಲ. ಅವನು ಪಕ್ಕದ ಕುರ್ಚಿ ಎಳೆದುಕೊಂಡು ಅವಳಿಂದಲೇ ‘ಕ್ವೆರಿ ಥ್ರೆಡ್ಸ್’ ಎಂದು ಟೈಪ್ ಮಾಡಿಸಿದ. ಥ್ರೆಡ್ ಎಂದರೆ ಒಳಗೆ ನಡೆಯುವ ಕೆಲಸದ ಒಂದೊಂದು ಎಳೆ. ಒಂದು ಎಳೆ ಹಿಡಿದ ಕಡತವನ್ನು ಇನ್ನೊಂದು ಮುಟ್ಟದಂತೆ ಹಾಕುವುದೇ ಬೀಗ. ಯಾವ ಎಳೆ ಎಲ್ಲಿ ನಿಂತಿದೆ, ಯಾವ ಬೀಗಕ್ಕಾಗಿ ಕಾಯುತ್ತಿದೆ ಎಂದು ಪರದೆ ಸಾಲುಸಾಲಾಗಿ ಹೇಳಿತು. ಎಲ್ಲ ನಿಂತೇ ಇದೆಯಲ್ಲ ಎಂದಳು. ಓಡುವವನ ಫೋಟೋ ತೆಗೆದರೂ ಅವನು ನಿಂತ ಹಾಗೇ ಕಾಣುತ್ತಾನೆ ಎಂದ ಅವನು. ಎರಡು ನಿಮಿಷ ಬಿಟ್ಟು ಇನ್ನೊಂದು ಸಲ ಕೇಳಬೇಕು. ಆಗಲೂ ಅದೇ ಎಳೆ ಅದೇ ಜಾಗದಲ್ಲಿದ್ದರೆ ನಿಜಕ್ಕೂ ಸಿಕ್ಕಿಕೊಂಡಿದೆ. ಜರುಗಿದ್ದರೆ ಬರೀ ನಿಧಾನ ಅಷ್ಟೇ. ನಿಧಾನದವನನ್ನು ಮುರಿದರೆ ಅರ್ಧ ಬುಕ್ಕಾದ ಟಿಕೆಟ್‌ಗಳೆಲ್ಲ ನೀರುಪಾಲು.

ಎರಡನೇ ಸಲ ಕೇಳಿದಾಗ ಎಳೆಗಳೆಲ್ಲ ಜರುಗಿದ್ದವು. ಸ್ವಲ್ಪ ಹೊತ್ತಿಗೆ ಸಾಲು ತಾನೇ ಕರಗಿತು. ಸಾಸಿವೆಯ ಮುಖ ಕೆಂಡವಾಯಿತು. ನಾಚಿಕೆಗೋ, ಮುಂಗೈಯ ಬಿಸಿ ಇನ್ನೂ ಬೆರಳಲ್ಲಿ ಉಳಿದದ್ದಕ್ಕೋ...

“ಇನ್ನೊಂದು,” ಅಂದ ಅವನು ಏಳುತ್ತಾ. “ಇಂಥ ಕಮಾಂಡ್ ಒಬ್ಬರೇ ಕೊಡಬಾರದು. ಒಬ್ರು ಟೈಪ್ ಮಾಡಬೇಕು, ಇನ್ನೊಬ್ರು ಗಟ್ಟಿಯಾಗಿ ಓದಿ ಸರಿ ಅನ್ನಬೇಕು. ಆಮೇಲೇ ಎಂಟರ್. ನಿಜವಾಗಿ ಸಿಕ್ಕಿಕೊಂಡ ದಿನ ನಿಮ್ಮ ಕೈಯಲ್ಲೇ ಕೊಡಿಸ್ತೀನಿ. ಮಾತು ಕೊಡ್ತೀನಿ.”

ದೊಡ್ಡ ದಾನಶೂರ! ಅಂದುಕೊಂಡಳು ಅವಳು. ರಾತ್ರಿ ಅಜ್ಜಿಯ ಪಕ್ಕ ಮಲಗಿದಾಗಲೂ ಅದನ್ನೇ ಅಂದುಕೊಂಡಳು.

ಅವನಿಗೂ ಕಚೇರಿಯಲ್ಲೊಂದು ಅಡ್ಡಹೆಸರಿತ್ತು: ಎರಡ್ಸಲ. ಯಾಕೆಂದು ಅವಳಿಗೆ ಬೇಗನೇ ತಿಳಿಯಿತು.

ಅವನು ಎಲ್ಲವನ್ನೂ ಎರಡು ಸಲ ಕೇಳುತ್ತಿದ್ದ. ಕಿಟಕಿ ತೆಗೆಯಲಾ? ಬೇಡ ಅಂದರೆ, ಎರಡು ನಿಮಿಷ ಬಿಟ್ಟು ಮತ್ತೆ, ಕಿಟಕಿ ತೆಗೆಯಲಾ? ಪೆನ್ನು ಬೇಕಾ? ಪೆನ್ನು ಬೇಕಾ? ದಿನವೂ ಹತ್ತೂವರೆಗೆ ಫ್ಲಾಸ್ಕ್ ಹಿಡಿದು ಬಂದು, ಟೀ ಬೇಕಾ? ಬೇಡ ಅಂದರೆ ಮರುಮಾತಿಲ್ಲದೆ ಹೋಗಿ ಕೂತು, ಇನ್ನೇನು ಅವಳು ಕೆಲಸದಲ್ಲಿ ಮುಳುಗಿದಳು ಎನ್ನುವಷ್ಟರಲ್ಲಿ ಮತ್ತದೇ ಫ್ಲಾಸ್ಕ್, ಮತ್ತದೇ ದನಿ.

ತಲೆ ಚಿಟ್ಟು ಹಿಡಿದುಹೋಗುತ್ತಿತ್ತು ಅವಳಿಗೆ. ನಾನೇನು ನಿಮ್ಮ ಮೈನ್‌ಫ್ರೇಮಾ ಎಂದು ಒಂದು ದಿನ ರೇಗಿದ್ದಳು. ಅದು ಇಷ್ಟು ಬೇಗ ಬಿಸಿಯಾಗಲ್ಲ ಎಂದಿದ್ದ ಅವನು.

ಆದರೆ ಮನಸ್ಸು ಕಳ್ಳ. ಎರಡನೇ ಸಲ ಕೇಳುವ ಹೊತ್ತಿಗೆ ಅವಳಿಗೆ ನಿಜಕ್ಕೂ ಟೀ ಬೇಕೆನಿಸಿರುತ್ತಿತ್ತು. ಬರಬರುತ್ತಾ ಆ ಎರಡು ನಿಮಿಷವೇ ಅವಳಿಗೆ ಟೀಗಿಂತ ರುಚಿಯಾಯಿತು. ಈಗ ಬರುತ್ತಾನೆ, ಇನ್ನೇನು ಬಂದ ಎಂದು ಕಿವಿ ನೆಟ್ಟು ಕೂರುವ ಸುಖ. ಹಾಗಾಗಿ ಮೊದಲ ಸಲ ಬೇಡ ಅನ್ನುವುದು ಅವಳಿಗೆ ಉಸಿರಾಡಿದಷ್ಟೇ ರೂಢಿಯಾಯಿತು. ಬೇಕಿದ್ದರೂ ಬೇಡ. ಹೇಗೂ ಮತ್ತೆ ಕೇಳುತ್ತಾನಲ್ಲ...

ಅನಾಹುತ ಆದದ್ದು ಅಲ್ಲೇ.

ಲಿಫ್ಟ್ ಕೆಟ್ಟಿದ್ದ ಒಂದು ಮಧ್ಯಾಹ್ನ ಇಬ್ಬರೂ ಮೆಟ್ಟಿಲಿಳಿಯುತ್ತಿದ್ದರು. ತಿರುವಿನಲ್ಲಿ, ಬೆಂಕಿ ಆರಿಸುವ ಮರಳಿನ ಬಕೆಟ್ಟುಗಳ ಪಕ್ಕ ಅವನು ನಿಂತುಬಿಟ್ಟ. ಕಂಬಿಯನ್ನು ಒಮ್ಮೆ ಬಿಗಿಯಾಗಿ ಹಿಡಿದು ಬಿಟ್ಟ.

“ನನ್ನ ಮದುವೆ ಆಗ್ತೀರಾ?”

ಪೀಠಿಕೆಯಿಲ್ಲ, ಒಗ್ಗರಣೆಯಿಲ್ಲ. ಸಾಸಿವೆಯ ಎದೆ ಬಾಯಿಗೆ ಬಂತು. ಆದರೆ ಎದೆಗಿಂತ ಮೊದಲು ನಾಲಿಗೆ ಓಡಿತು.

“ಬೇಡ.”

ಅವನು ಅವಳನ್ನೇ ನೋಡಿದ. ತಲೆಯಾಡಿಸಿದ. “ಸರಿ,” ಅಂದು ಮೆಟ್ಟಿಲಿಳಿದು ಹೋದ.

ಅವಳು ಆ ಬಕೆಟ್ಟುಗಳ ಪಕ್ಕ ನಿಂತಳು. ಹೂಂ ಎನ್ನುವ ಮಾತನ್ನು ನಾಲಿಗೆಯ ತುದಿಯಲ್ಲಿ ಸಿದ್ಧಮಾಡಿಕೊಂಡು ನಿಂತಳು. ಎರಡು ನಿಮಿಷ ಆಯಿತು. ಐದಾಯಿತು. ಮೆಟ್ಟಿಲ ಮೇಲೆ ಯಾರ ಹೆಜ್ಜೆಯೂ ಕೇಳಲಿಲ್ಲ.

ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ.

ಹೋಗಲಿ, ಮುಖ ತಿರುಗಿಸಿಕೊಂಡು ಓಡಾಡಿದನೇ? ಅದೂ ಇಲ್ಲ! ಹತ್ತೂವರೆಗೆ ಫ್ಲಾಸ್ಕ್ ಬಂತು. ಟೀ ಬೇಕಾ? ಎರಡು ನಿಮಿಷ ಬಿಟ್ಟು, ಟೀ ಬೇಕಾ? ಅವಳಿಗೆ ಆ ಫ್ಲಾಸ್ಕನ್ನು ಅವನ ತಲೆಯ ಮೇಲೇ ಬಗ್ಗಿಸಬೇಕೆನಿಸುತ್ತಿತ್ತು. ಟೀಗೆ ಎರಡು ಸಲ, ಎರಡು ಕಾಸಿನ ಪೆನ್ನಿಗೆ ಎರಡು ಸಲ. ನನಗೆ ಮಾತ್ರ ಒಂದೇ ಸಲವಾ?

ವಾರಗಳು ಹಾಗೇ ಉರುಳಿದವು. ಮೊಮ್ಮಗಳು ತಟ್ಟೆಯ ಮುಂದೆ ಕೂತು ಅನ್ನ ಕೆದಕುವುದನ್ನು ಅಜ್ಜಿ ನೋಡಿದಳು. ಬಾಯಿ ಬಿಡಿಸಿದಳು. ಎಲ್ಲ ಕೇಳಿ, ಹಲ್ಲಿಲ್ಲದ ಬಾಯಿ ತೆರೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ನಗಬೇಡಜ್ಜಿ. ನಾನಿಲ್ಲಿ ಸಾಯ್ತಿದ್ದೀನಿ.”

“ಅವನು ಒಂದು ಸಲ ಕೇಳ್ದ. ನೀನೆಷ್ಟು ಸಲ ಕೇಳ್ದೆ ಪುಟ್ಟಿ?”

“ನಾನ್ಯಾಕೆ ಕೇಳ್ಬೇಕು?”

“ಕಣಜದ ಬಾಗಿಲು ತೆಗೆಸಿದೋಳು ಯಾರೇ? ಭೂತವೇ ಬಂದು ಕರೀಲಿ ಅಂತ ಮುಖ ಊದಿಸ್ಕೊಂಡು ಕೂತೋಳಾ? ಅಷ್ಟು ವರ್ಷ ಹೂಂ ಹೂಂ ಅಂದೆಯಲ್ಲ, ಕಥೆ ಕೇಳ್ತಿದ್ದೆಯೋ ಗೊರಕೆ ಹೊಡೀತಿದ್ದೆಯೋ?”

ಅಜ್ಜಿಯ ಮೇಲೂ ಸಿಟ್ಟು ಬಂತು ಅವಳಿಗೆ. ನಾಳೆ ಕೇಳೋಣ ಅಂದುಕೊಂಡಳು. ಆ ನಾಳೆಯೇ ಕೌಂಟರಿನ ಅಕ್ಕ ಕೈ ತೊಳೆಯುವ ಜಾಗದಲ್ಲಿ ಸಿಕ್ಕಿ, ಸುದ್ದಿಯೊಂದನ್ನು ಕಿವಿಗೆ ಸುರಿದಳು. ಎರಡ್ಸಲ ಬೇರೆ ಊರಿನ ಕಚೇರಿಗೆ ವರ್ಗ ಮಾಡಿಸಿಕೊಂಡಿದ್ದಾನಂತೆ. ಯಾರೂ ಕಳಿಸಿದ್ದಲ್ಲವಂತೆ, ತಾನೇ ಕೇಳಿ ಪಡೆದದ್ದಂತೆ. ಮುಂದಿನ ವಾರವೇ ಹೊರಡುತ್ತಾನಂತೆ.

ಸಾಸಿವೆ ನಲ್ಲಿ ನಿಲ್ಲಿಸುವುದನ್ನೇ ಮರೆತಳು. ಹಾಗಾದರೆ... ಅವನಿಗೆ ಅಷ್ಟೇನೂ ಬೇಕಾಗಿರಲಿಲ್ಲ. ಪೆನ್ನಿನಷ್ಟೂ ಬೇಕಾಗಿರಲಿಲ್ಲ. ಏನೋ ಮೆಟ್ಟಿಲಿಳಿಯುತ್ತಾ ಬಾಯಿಗೆ ಬಂತು, ಕೇಳಿದ. ಬೇಡ ಅಂದಳು, ಗಂಟುಮೂಟೆ ಕಟ್ಟಿದ. ಕಣ್ಣೀರು ಬರಬಾರದೆಂದು ಮುಖಕ್ಕೆ ತಣ್ಣೀರು ಎರಚಿಕೊಂಡಳು. ನೀನಂತೂ ಕೇಳಕೂಡದು ಎಂದು ಕನ್ನಡಿಯೊಳಗಿನ ಅವಳಿಗೆ ಅಪ್ಪಣೆ ಮಾಡಿದಳು.

ಅವನ ಕೊನೆಯ ದಿನ ಬಂತು. ಬೆಳಿಗ್ಗೆಯ ಹೊತ್ತು. ಅವನು ತನ್ನ ಡ್ರಾಯರ್ ಖಾಲಿ ಮಾಡುತ್ತಿದ್ದ. ಅವಳು ಅತ್ತ ನೋಡಬಾರದೆಂದು ಪರದೆ ನೋಡುತ್ತಿದ್ದಳು. ಆಗ ಕೌಂಟರುಗಳು ನಿಂತವು.

ಫೋನ್ ಹೊಡೆದುಕೊಂಡಿತು. ಅಕ್ಕ ಈ ಸಲ ಕೂಗಾಡಲೂ ಇಲ್ಲ, ಅಳುವ ದನಿಯಲ್ಲಿ ಬೇಗ ಏನಾದರೂ ಮಾಡಿ ಅಂದಳು. ಸಾಲಿನ ತುದಿ ಆಗಲೇ ಬೀದಿಯಲ್ಲಿತ್ತು. ಸಾಸಿವೆ ಯಾರೂ ಹೇಳದೆಯೇ ‘ಕ್ವೆರಿ ಥ್ರೆಡ್ಸ್’ ಕೊಟ್ಟಳು. ಅವನು ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಉತ್ತರ ಬಂತು. ಎರಡು ಎಳೆಗಳು. ಮೊದಲನೆಯದು ಎರಡನೆಯದರ ಕೈಲಿರುವ ಬೀಗಕ್ಕೆ ಕಾದಿದೆ, ಎರಡನೆಯದು ಮೊದಲನೆಯದರ ಬೀಗಕ್ಕೆ. ನೀವು ಮೊದಲು ಹೋಗಿ, ಇಲ್ಲ ನೀವು ಮೊದಲು ಎಂದು ಬಾಗಿಲಲ್ಲೇ ನಿಂತ ನೆಂಟರ ಹಾಗೆ. ಇವರಿಬ್ಬರ ಬೆನ್ನಿಗೆ ಮಿಕ್ಕವರೆಲ್ಲ.

“ಎರಡು ನಿಮಿಷ,” ಅಂದ ಅವನು.

ಗೊತ್ತಿದೆ ಅಂದಳು. ಗಡಿಯಾರದ ಮುಳ್ಳು ನೋಡಿದಳು. ಏನೂ ಮಾಡುವ ಹಾಗಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಅವನು ಮೊದಲಿನ ಹಾಗೇ ತಣ್ಣಗೆ ಕೂತಿದ್ದ. ಅದನ್ನು ಕಂಡು ಅವಳೊಳಗೆ ಅಷ್ಟು ದಿನದಿಂದ ಕಾದಿದ್ದ ಎಣ್ಣೆ ಉಕ್ಕಿತು.

“ಒಂದು ಕೇಳ್ತೀನಿ. ಜಗತ್ತಲ್ಲಿರೋ ಎಲ್ಲವನ್ನೂ ಎರಡೆರಡು ಸಲ ಕೇಳ್ತೀರಿ. ನನ್ನನ್ನ ಯಾಕೆ ಕೇಳಲಿಲ್ಲ?”

ಅವನು ತಿರುಗಿದ. ಮೊದಲ ಬಾರಿಗೆ ಆ ಕಣ್ಣುಗಳಲ್ಲಿ ತಡಬಡಿಕೆ ಕಂಡಳು.

“ಕೇಳಿದ್ನಲ್ಲ. ಬೇಡ ಅಂದ್ರಿ.”

“ಟೀನೂ ಬೇಡ ಅಂತೀನಿ. ದಿನಾ ಬೇಡ ಅಂತೀನಿ!”

“ಟೀ ಬೇಡ ಅಂದ್ರೆ ನಿಮಗೇನೂ ಕಷ್ಟ ಇಲ್ಲ. ಇದು ಹಾಗಲ್ಲ.” ಅವನು ತನ್ನ ಕೈಗಳನ್ನು ನೋಡಿಕೊಂಡ. “ದಿನವಿಡೀ ನನ್ನ ಪಕ್ಕದ ಕುರ್ಚೀಲಿ ಕೂರಬೇಕಾದೋರು ನೀವು. ಬೇಡ ಅಂದ ಮೇಲೂ ಕೇಳ್ತಾನೇ ಇದ್ರೆ ಅದು ಕೇಳೋದಲ್ಲ, ಪೀಡಿಸೋದು. ಎರಡು ಸಲ ಕೇಳಬೇಕಾದ್ದು ಯಂತ್ರಾನ. ಮನುಷ್ಯರು ಬೇಡ ಅಂದ್ರೆ ಬೇಡ ಅಂತಲೇ ಅರ್ಥ.”

“ಅದಕ್ಕೆ ಊರು ಬಿಟ್ಟು ಹೋಗ್ತಿದ್ದೀರಾ?”

“ನಿಮಗೆ ಇಲ್ಲಿ ಉಸಿರಾಡೋಕೆ ಜಾಗ ಇರಲಿ ಅಂತ.”

ಸಾಸಿವೆಗೆ ಅಳು ಬಂತು, ನಗು ಬಂತು, ಈ ಮನುಷ್ಯನ ತಲೆಯನ್ನು ಕೀಬೋರ್ಡಿಗೆ ಕುಟ್ಟಬೇಕೆಂದೂ ಅನಿಸಿತು. ಇಷ್ಟು ಒಳ್ಳೆಯತನವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಯಾರೂ ಕೇಳದ ಹೊರತು ಬಾಯಿ ಬಿಡದೆ ಕೂತಿದ್ದಾನಲ್ಲ... ಭೂತ! ಅಜ್ಜಿ ಹೇಳಿದ ಅದೇ ಭೂತ!

“ತಪ್ಪು ನಂದೂ ಇದೆ,” ಅಂದಳು. ದನಿ ಇಳಿದಿತ್ತು. “ನೀವು ಮತ್ತೆ ಬಂದು ಕೇಳೋದು ನನಗೆ ಇಷ್ಟ. ಅದಕ್ಕೇ ಮೊದಲ ಸಲ ಎಲ್ಲಕ್ಕೂ ಬೇಡ ಅಂದು ಅಂದು ನಾಲಿಗೆ ಹಾಳಾಗಿದೆ. ಅವತ್ತು ಆ ಬಕೆಟ್ ಪಕ್ಕ ನಾನು ಕಾಯ್ತಾ ನಿಂತಿದ್ದೆ. ಅಲ್ಲೇ ಬೇರು ಬಿಡೋಷ್ಟು ಹೊತ್ತು.”

ಅವಳು ಕುರ್ಚಿಯನ್ನು ಪೂರ್ತಿ ಅವನತ್ತ ತಿರುಗಿಸಿದಳು.

“ಈಗ ನಾನು ಕೇಳ್ತೀನಿ. ನನ್ನ ಮದುವೆ ಆಗ್ತೀರಾ?”

ಅವನು ಬಾಯಿ ತೆರೆದ. ಅವಳ ಕಣ್ಣು ಗಡಿಯಾರಕ್ಕೆ ಹೋಯಿತು. ಎರಡು ನಿಮಿಷ ಮುಗಿದಿತ್ತು. ಗಾಜಿನಾಚೆ ಮಗುವೊಂದು ಅಮ್ಮನ ಹೆಗಲ ಮೇಲೆ ಅಳುತ್ತಿತ್ತು, ಮುದುಕರೊಬ್ಬರು ಗೋಡೆಗೊರಗಿ ಕುಸಿದು ಕೂತಿದ್ದರು. ತನ್ನ ಮದುವೆ ಇನ್ನೊಂದು ಗಳಿಗೆ ಕಾಯಬಲ್ಲದು, ಅವರು ಕಾಯಲಾರರು.

“ತಾಳಿ,” ಅಂದು ಎರಡನೇ ಸಲ ಕೇಳಿದಳು, ಭೂತವನ್ನು.

ಅದೇ ಎರಡು ಎಳೆಗಳು. ಅದೇ ಜಾಗ. ಕೂದಲೆಳೆಯಷ್ಟೂ ಜರುಗಿರಲಿಲ್ಲ.

“ನಿಜವಾಗಿ ಸಿಕ್ಕಿಕೊಂಡಿದೆ,” ಅಂದಳು.

ಅವನು ಎರಡೂ ಕೈಗಳನ್ನು ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕೊಟ್ಟ ಮಾತು ಅವನಿಗೂ ನೆನಪಿತ್ತು. ಅವಳು ಹ್ಯಾಂಗ್‌ಬ್ರೇಕ್ ಟೈಪ್ ಮಾಡಿದಳು. ಬೆರಳನ್ನು ಎಂಟರ್ ಮೇಲೆ ತೇಲಿಸಿ ಕಾದಳು.

ಅವನು ಪರದೆಯತ್ತ ಬಾಗಿ, ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದಿದ.

“ಸರಿ,” ಅಂದ.

ಅವಳು ತಿರುಗಿ ನೋಡಿದಳು. “ಯಾವುದಕ್ಕೆ?”

“ಎರಡಕ್ಕೂ.”

ಸಾಸಿವೆ ಎಂಟರ್ ಒತ್ತಿದಳು. ಅಡ್ಡ ಯಾರ ಕೈಯೂ ಬರಲಿಲ್ಲ.

ಪರದೆ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಹಸಿರು ಸಾಲುಗಳು ಒಂದರ ಮೇಲೊಂದು ಹರಿದವು. ಗಾಜಿನಾಚೆ ಮೊದಲ ಕೌಂಟರಿನ ಅಕ್ಕ ಟಿಕೆಟೊಂದನ್ನು ಹರಿದು ಕೊಟ್ಟು, ಇವರತ್ತ ಕೈಯೆತ್ತಿ ಮುಗಿದಳು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಮತ್ತೊಂದು ಹೆಜ್ಜೆ...

ಹತ್ತೂವರೆಯಾಗಿತ್ತು. ಅವನು ಅರ್ಧ ತುಂಬಿದ ಚೀಲದೊಳಗಿಂದ ಫ್ಲಾಸ್ಕ್ ಹೊರತೆಗೆದ.

“ಟೀ ಬೇಕಾ?”

“ಬೇಕು,” ಅಂದಳು ಅವಳು.

ಮೊದಲ ಸಲಕ್ಕೇ ಬೇಕು ಅಂದರೆ ಮುಂದೇನು ಮಾಡಬೇಕೆಂದು ಗೊತ್ತಿಲ್ಲದೆ ಅವನು ಮುಚ್ಚಳ ಹಿಡಿದುಕೊಂಡು ಹಾಗೇ ನಿಂತುಬಿಟ್ಟ.